ದತ್ತು: ವಯಸ್ಸಾಯಿತು ಎನ್ನುವ ಮೊದಲು ಕೂಡಿಸಿ ನೋಡಿ

ಮಾನ್ಯರೇ,

‘ಐವತ್ತು ದಾಟಿದ್ರ ದತ್ತು ಕೊಡಂಗಿಲ್ಲಂತ’ ಎಂಬ ಮಾತು ಕಲಬುರಗಿ, ಬೀದರ್, ಯಾದಗಿರಿ ಕಡೆ ಬಹಳ ಕೇಳಿಬರುತ್ತದೆ. ಇದು ಅರ್ಧ ಸುಳ್ಳು. ಗಂಡ-ಹೆಂಡತಿಯ ವಯಸ್ಸನ್ನು ಬಿಡಿಬಿಡಿಯಾಗಿ ನೋಡುವುದಿಲ್ಲ, ಕೂಡಿಸಿ ನೋಡುತ್ತಾರೆ. 2022ರ ದತ್ತು ನಿಯಮಾವಳಿಯಂತೆ ಇಬ್ಬರ ವಯಸ್ಸು ಕೂಡಿ 85ರೊಳಗಿದ್ದರೆ ಎರಡು ವರ್ಷದವರೆಗಿನ ಕೂಸು, 90ರೊಳಗಿದ್ದರೆ ನಾಲ್ಕು ವರ್ಷದವರೆಗೆ, 100ರೊಳಗಿದ್ದರೆ ಎಂಟರವರೆಗೆ, 110ರೊಳಗಿದ್ದರೆ ಹದಿನೆಂಟರೊಳಗಿನ ಮಗು. ಒಂಟಿಯಾಗಿರುವವರಿಗೆ ಇದೇ ಕ್ರಮದಲ್ಲಿ 40, 45, 50, 55. ಒಂಟಿ ಗಂಡಸಿಗೆ ಹೆಣ್ಣುಮಗು ಕೊಡುವುದಿಲ್ಲ. ಗಂಡನಿಗೆ 54, ಹೆಂಡತಿಗೆ 45 ಎಂದರೆ 99; ಒಂದನೇ ತರಗತಿಗೆ ಹೋಗುವ ಮಗುವಿಗೆ ಅರ್ಜಿ ಹಾಕಬಹುದು. ಒಂದು ವರ್ಷ ತಡೆದರೆ ಮೊತ್ತ ಎರಡು ಏರಿ 101 ಆಗುತ್ತದೆ. ಲೆಕ್ಕಕ್ಕೆ ಬರುವುದು ನೋಂದಣಿ ದಿನದ ವಯಸ್ಸು. ಹಾಗಾಗಿ ತೊಗರಿ ರಾಶಿ ಆಗಲಿ, ಶರಣಬಸವೇಶ್ವರರ ಜಾತ್ರೆ ಮುಗಿಯಲಿ ಎಂದು ಮುಂದೂಡುವವರಿಗೇ ನಷ್ಟ.

ನಮ್ಮ ಭಾಗದಲ್ಲಿ ಅರ್ಜಿ ಎಡವುವುದು ಹುಟ್ಟಿದ ತಾರೀಖಿನಲ್ಲಿ. ಹಳ್ಳಿಯಲ್ಲಿ ಹುಟ್ಟಿದ ಹಿರಿಯರ ಆಧಾರ್‌ನಲ್ಲಿ ಅಂದಾಜು ವರ್ಷಕ್ಕೆ ಜನವರಿ 1 ಸೇರಿಸಿರುತ್ತಾರೆ. ಶಾಲೆಯ ಟಿಸಿಯಲ್ಲಿ ಒಂದು, ಪ್ಯಾನ್ ಕಾರ್ಡಿನಲ್ಲಿ ಇನ್ನೊಂದು. ಇಬ್ಬರಿಗೂ ಮೂರು ಮೂರು ವರ್ಷ ಹೆಚ್ಚು ಬರೆದಿದ್ದರೆ ಮೊತ್ತದಲ್ಲಿ ಆರು ಏರಿ ಮಗುವಿನ ವಯೋಗುಂಪೇ ಬದಲಾಗಬಹುದು. ಶಾಲಾ ದಾಖಲೆ ಹಿಡಿದು ಇದನ್ನು ಮೊದಲೇ ಸರಿಪಡಿಸಿಕೊಳ್ಳಬೇಕು. ವಯಸ್ಸು ಇಳಿಸಲು ಹೋದರೆ ಮುಂದೆ ಸಿಕ್ಕಿಬೀಳುವುದು ಖಚಿತ. ಮೂವತ್ತು ವರ್ಷದ ಹಿಂದೆ ಗುಡಿಯಲ್ಲಿ ಮದುವೆಯಾದವರಲ್ಲಿ ವಿವಾಹ ಪ್ರಮಾಣಪತ್ರವೇ ಇರುವುದಿಲ್ಲ. ಉಪನೋಂದಣಾಧಿಕಾರಿ ಕಚೇರಿಯ ಕೆಲಸವನ್ನೂ ಮುಂಚೆಯೇ ಮುಗಿಸಿಕೊಳ್ಳಿ. ಕೇಂದ್ರ ದತ್ತು ಸಂಪನ್ಮೂಲ ಪ್ರಾಧಿಕಾರದ (ಕಾರಾ) ಪೋರ್ಟಲ್‌ನಲ್ಲಿ ಹೆಸರು ದಾಖಲಿಸಿದ ಮೇಲೆ ಕಾಗದಪತ್ರ ಏರಿಸಲು ಸಿಗುವುದು 30 ದಿನ ಮಾತ್ರ.

ಸೈಬರ್ ಅಂಗಡಿಯಲ್ಲಿ ಅರ್ಜಿ ತುಂಬಿಸುವವರು ಅಂಗಡಿಯವನ ಮೊಬೈಲ್ ನಂಬರನ್ನಾಗಲಿ ಇಮೇಲನ್ನಾಗಲಿ ಕೊಡಬೇಡಿ. ಮಗುವಿನ ವಿವರ ಬಂದಾಗ ಒಪ್ಪಿ ಕಾಯ್ದಿರಿಸಲು ಇರುವುದು 48 ಗಂಟೆ, ಅಂಥ ಅವಕಾಶ ಮೂರೇ ಸಲ. ಸಂದೇಶ ಯಾರದೋ ಫೋನಿಗೆ ಹೋದರೆ ವರ್ಷಗಟ್ಟಲೆ ಕಾದು ಬಂದ ಒಂದು ಅವಕಾಶ ಎರಡು ದಿನದಲ್ಲಿ ಹೋಯಿತು.

ಕಾಗದಪತ್ರ ಏರಿಸಿದ ನಂತರ, ಮಗುವಿನ ವಿವರ ಬರುವ ಮೊದಲೇ, ಸಮಾಜ ಕಾರ್ಯಕರ್ತರು ಮನೆಗೆ ಬಂದು ಗೃಹ ಅಧ್ಯಯನ ವರದಿ ಬರೆಯುತ್ತಾರೆ. ಅದು ಮೂರು ವರ್ಷ ಊರ್ಜಿತ. ಸಕ್ಕರೆ ಕಾಯಿಲೆ, ಬಿಪಿ ಇದ್ದ ಮಾತ್ರಕ್ಕೆ ಅರ್ಜಿ ಬೀಳುವುದಿಲ್ಲ. ಜೀವಕ್ಕೆ ಕುತ್ತಾಗುವ ಕಾಯಿಲೆ ಇರಬಾರದು ಅಷ್ಟೆ. ಮಾತ್ರೆಯ ಡಬ್ಬಿ ಬಚ್ಚಿಡುವುದಕ್ಕಿಂತ ವೈದ್ಯರ ಚೀಟಿ ತೋರಿಸುವುದು ಮೇಲು. ಹಿರಿಯ ದಂಪತಿಗೆ ಎದುರಾಗುವ ಕಠಿಣ ಪ್ರಶ್ನೆ ಬೇರೆ: ‘ನಿಮ್ಮ ನಂತರ ಮಗುವಿಗೆ ಯಾರು?’ ‘ದೇವರಿದ್ದಾನೆ’ ಎಂಬ ಉತ್ತರ ವರದಿಯಲ್ಲಿ ಬರೆಯಲು ಬರುವುದಿಲ್ಲ. ತಮ್ಮನೋ ನಾದಿನಿಯೋ, ಒಪ್ಪಿದವರನ್ನು ಅಂದು ಮನೆಯಲ್ಲಿ ಕೂರಿಸಿಕೊಳ್ಳಿ.

ಹಾಲುಗೂಸಿಗೆ ಸಾಲು ಬಲು ಉದ್ದ. ಐದಾರು ವರ್ಷದ ಮಗುವಿಗೆ ಅಷ್ಟಿಲ್ಲ, ಆದರೆ ಸಿದ್ಧತೆ ಹೆಚ್ಚು ಬೇಕು. ಐದು ತುಂಬಿದ ಮಗುವಿನ ಒಪ್ಪಿಗೆಯನ್ನೂ ಕೇಳುತ್ತಾರೆ. ಸಂಸ್ಥೆಯಲ್ಲಿ ಬೆಳೆದ ಮಗು ರೊಟ್ಟಿಯನ್ನು ದಿಂಬಿನಡಿ ಮುಚ್ಚಿಡಬಹುದು, ದೀಪ ಆರಿಸಿದರೆ ಅಳಬಹುದು, ಮೊದಲ ತಿಂಗಳು ಬಹಳ ಜಾಣನಾಗಿದ್ದು ಮೂರನೇ ತಿಂಗಳು ತಟ್ಟೆ ಎಸೆಯಬಹುದು. ‘ಇವರೂ ನನ್ನನ್ನು ಬಿಡುತ್ತಾರೋ’ ಎಂದು ಅದು ಪರೀಕ್ಷಿಸುವ ರೀತಿ ಇದು, ಕೆಟ್ಟ ಬುದ್ಧಿಯಲ್ಲ. ರೊಟ್ಟಿ ಕದ್ದಿತೆಂದು ಬೈಯುವ ಬದಲು ಮಗುವಿನ ಕೈಗೆಟಕುವ ಕಡೆ ಒಂದು ಡಬ್ಬಿಯಲ್ಲಿ ಚುರುಮುರಿ, ಬಾಳೆಹಣ್ಣು ಇಟ್ಟು ನೋಡಿ. ಬೇರೆ ಜಿಲ್ಲೆಯಿಂದಲೋ ಬೇರೆ ರಾಜ್ಯದಿಂದಲೋ ಬಂದ ಮಗುವಿಗೆ ನಮ್ಮ ಮಾತೇ ತಿಳಿಯದಿರಬಹುದು. ಬೀದರಿನ ಮನೆಗೆ ತಮಿಳು ಮಗು ಬಂದರೆ ಮೊದಲ ವಾರ ಕೈಸನ್ನೆಯೇ ಗತಿ. ಕಾಯ್ದಿರಿಸಿದ ಮೇಲೆ ವೈದ್ಯಕೀಯ ವರದಿಯನ್ನು ನಿಮ್ಮ ನಂಬಿಕೆಯ ಮಕ್ಕಳ ವೈದ್ಯರಿಗೆ ತೋರಿಸಿ ಕೇಳುವ ಹಕ್ಕು ನಿಮಗಿದೆ. ನಾಚಿಕೊಳ್ಳಬೇಡಿ.

2022ರ ಸೆಪ್ಟೆಂಬರ್ 1ರಿಂದ ದತ್ತು ಆದೇಶ ಕೊಡುವವರು ನ್ಯಾಯಾಲಯದವರಲ್ಲ, ಜಿಲ್ಲಾಧಿಕಾರಿ. ಅರ್ಜಿ ಜಿಲ್ಲಾ ಮಕ್ಕಳ ರಕ್ಷಣಾ ಘಟಕದ ಮೂಲಕ ಹೋಗುತ್ತದೆ, ಎರಡು ತಿಂಗಳಲ್ಲಿ ಇತ್ಯರ್ಥವಾಗಬೇಕು. ವಕೀಲರ ಫೀಸಿನ ಅಗತ್ಯವಿಲ್ಲ. ಮಗು ನಿಮ್ಮ ಮನೆಗೆ ಬಂದ ದಿನದಿಂದ ಎರಡು ವರ್ಷ, ಆರು ತಿಂಗಳಿಗೊಮ್ಮೆ ಮಗುವನ್ನು ನೋಡಲು ಬರುತ್ತಾರೆ.

ಆಸ್ಪತ್ರೆಯ ಆಯಾಳ ಕೈಯಿಂದ ಕೂಸು ಪಡೆದು ನೂರು ರೂಪಾಯಿ ಬಾಂಡ್ ಪೇಪರಿನ ಮೇಲೆ ಬರೆಸಿಕೊಂಡರೆ ಅದು ದತ್ತು ಅಲ್ಲ, ಅಪರಾಧ. ಮಗು ಮಾರುವ, ಕೊಳ್ಳುವವರಿಗೆ ಬಾಲ ನ್ಯಾಯ ಕಾಯ್ದೆಯ 81ನೇ ಕಲಂನಡಿ ಐದು ವರ್ಷದವರೆಗೆ ಕಠಿಣ ಸಜೆ, ಒಂದು ಲಕ್ಷ ರೂಪಾಯಿ ದಂಡ. ಆಸ್ಪತ್ರೆಯವರೇ ಸೇರಿದ್ದರೆ ಮೂರರಿಂದ ಏಳು ವರ್ಷ. ಶಿಕ್ಷೆಯ ಮಾತು ಹಾಗಿರಲಿ, ಅಂಥ ಮಗುವನ್ನು ಎಷ್ಟೋ ವರ್ಷ ಸಾಕಿದ ಮೇಲೂ ಮಕ್ಕಳ ಕಲ್ಯಾಣ ಸಮಿತಿ ತನ್ನ ವಶಕ್ಕೆ ತೆಗೆದುಕೊಳ್ಳಬಹುದು. ತಂದೆತಾಯಿಯೇ ಕಷ್ಟದಿಂದ ಮಗುವನ್ನು ಒಪ್ಪಿಸುವುದಾದರೆ ಸಮಿತಿಯ ಮುಂದೆಯೇ ಒಪ್ಪಿಸಬೇಕು. ಮನಸ್ಸು ಬದಲಿಸಲು ಅವರಿಗೆ 60 ದಿನ ಇರುತ್ತದೆ.

ಅಣ್ಣ-ತಮ್ಮಂದಿರ, ಅಕ್ಕ-ತಂಗಿಯರ ಮಗುವನ್ನು ತೆಗೆದುಕೊಳ್ಳುವವರಿಗೆ ಮೇಲೆ ಹೇಳಿದ ವಯೋಮಿತಿ ಅನ್ವಯಿಸುವುದಿಲ್ಲ. ಇದು ಗೊತ್ತಿಲ್ಲದೆ ಕೈಚೆಲ್ಲಿ ಕುಳಿತ ಮನೆಗಳು ನಮ್ಮಲ್ಲಿ ಸಾಕಷ್ಟಿವೆ.

ಈ ವಯಸ್ಸಿನ ಕೋಷ್ಟಕವನ್ನು ಕನ್ನಡದಲ್ಲಿ, ದೊಡ್ಡ ಅಕ್ಷರದಲ್ಲಿ, ಸೇಡಂ, ಔರಾದ, ಸುರಪುರದಂಥ ತಾಲ್ಲೂಕುಗಳ ಶಿಶು ಅಭಿವೃದ್ಧಿ ಯೋಜನಾ ಕಚೇರಿಗಳ ಗೋಡೆಯ ಮೇಲೆ ಬರೆಸಬೇಕೆಂದು ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಇಲಾಖೆಯನ್ನು ಕೋರುತ್ತೇವೆ. ನಾಲ್ಕು ಸಾಲಿನ ಕೆಲಸ, ಒಂದು ಡಬ್ಬಿ ಬಣ್ಣ ಸಾಕು.

– ಮಕ್ಕಳ ರಕ್ಷಣಾ ಕ್ಷೇತ್ರದ ಕೆಲವು ಸಮಾಜ ಕಾರ್ಯಕರ್ತರು, ಕಲಬುರಗಿ