ನೀಲಿ ರಟ್ಟಿನ ರಿಜಿಸ್ಟರ್

ಸೋಮವಾರಪೇಟೆ
ಜೂನ್ 29

ಪ್ರೀತಿಯ ಗೆಳೆಯ,

ಹೇಗಿದ್ದೀಯ ಮಾರಾಯ? ಇಲ್ಲಿ ಮಳೆ ಹಿಡಿದು ಕೂತಿದೆ. ಮೂರು ದಿನದಿಂದ ಕರೆಂಟು ಬಂದು ಹೋಗಿ ಆಟ ಆಡಿಸುತ್ತಿದೆ. ಬಟ್ಟೆ ಒಣಗುವುದಿಲ್ಲ. ಒಲೆ ಮೇಲೆ ಹಗ್ಗ ಕಟ್ಟಿ ಮಗಳ ಯೂನಿಫಾರ್ಮ್ ನೇತು ಹಾಕಿದ್ದೇವೆ. ಮೈಯೆಲ್ಲ ಹೊಗೆ ವಾಸನೆ ಹೊತ್ತುಕೊಂಡೇ ಶಾಲೆಗೆ ಹೋಗುತ್ತಾಳೆ. ನಾವಿಬ್ಬರೂ ಹಾಗೇ ಹೋದವರು ಅಲ್ವಾ.

ಕಳೆದ ತಿಂಗಳು ಫೋನಿನಲ್ಲಿ ನೀನೊಂದು ಮಾತು ಅಂದೆ. "ಇನ್ನೂ ಬ್ಯಾನರ್ ಹಿಡ್ಕೊಂಡು ಫೋಟೋಗೆ ನಿಲ್ತಿದ್ದೀಯೇನೋ?" ಅಂತ. ನಕ್ಕು ಸುಮ್ಮನಾದೆ. ಆದರೆ ಮಾತು ಚಪ್ಪಲಿಯೊಳಗೆ ಸೇರಿದ ಕಲ್ಲಿನ ಹಾಗೆ ಕಾಡಿತು. ನಾಡಿದ್ದು ಜುಲೈ 1. ನಮ್ಮ ಸೇವಾ ಕ್ಲಬ್ಬಿನ ಹೊಸ ವರ್ಷ ಶುರುವಾಗುವುದು ಅವತ್ತೇ. ನನ್ನ ಕಾರ್ಯದರ್ಶಿ ಕೆಲಸ ಮುಗಿಯಿತು, ಬೇರೆಯವರಿಗೆ ವಹಿಸಿ ಕೊಡಬೇಕು. ಅದಕ್ಕೆ ಮೊದಲು ನಿನಗೆ ಉತ್ತರ ಬರೆದುಬಿಡೋಣ ಅಂತ ಕೂತೆ. ವಾಟ್ಸಾಪಿನಲ್ಲಿ ಕಳಿಸಿದರೆ ಒಂದು ಹೆಬ್ಬೆರಳು ತೋರಿಸಿ ಸುಮ್ಮನಾಗುತ್ತೀಯ.

ನೀನು ಅಂದಿದ್ದು ಪೂರ್ತಿ ಸುಳ್ಳಲ್ಲ ಕಣೋ. ಆಸ್ಪತ್ರೆಯಲ್ಲಿ ಒಬ್ಬ ರೋಗಿಗೆ ಅರ್ಧ ಡಜನ್ ಬಾಳೆಹಣ್ಣು ಕೊಡಲು ಹದಿನಾಲ್ಕು ಜನ ಹೋಗಿ ನಿಂತಿದ್ದೇವೆ. ಆ ರೋಗಿ ಪಾಪ, ಕ್ಯಾಮೆರಾ ನೋಡಬೇಕಾ ಬಾಳೆಹಣ್ಣು ನೋಡಬೇಕಾ ಗೊತ್ತಾಗದೆ ನಮ್ಮ ಅಧ್ಯಕ್ಷರ ಕೊರಳಪಟ್ಟಿ ನೋಡುತ್ತಿದ್ದ. ವನಮಹೋತ್ಸವದ ಕತೆ ಕೇಳಲೇಬೇಡ. ಕೊಡಗಿನಲ್ಲಿ ಗಿಡ ನೆಡುವುದು ಅಂದರೆ ಕಾವೇರಿಗೆ ಕೊಡದಲ್ಲಿ ನೀರು ಹೊಯ್ದ ಹಾಗೆ. ಆದರೂ ವರ್ಷ ವರ್ಷ ನೆಡುತ್ತೇವೆ. ಫೆಲೋಶಿಪ್ ಅಂತ ಒಂದಿದೆ, ಅಂದರೆ ಊಟ. ಪಂದಿ ಕರಿ, ಕಡುಬು ಅಂತ ಮೆಸೇಜಿನಲ್ಲಿ ಹಾಕಿದ ದಿನ ಹಾಜರಿ ಭರ್ತಿ. ಲೆಕ್ಕಪತ್ರ ಮಂಡನೆ ಅಂತ ಹಾಕಿದ ದಿನ ನಾನು, ಖಜಾಂಚಿ, ಮತ್ತೆ ಹಾಲ್ ಬಾಗಿಲು ತೆಗೆಯುವವನು.

ಇಂಥ ಕ್ಲಬ್ಬುಗಳು ಹುಟ್ಟಿದ್ದೂ ಜೊತೆಗೆ ಕೂರುವುದಕ್ಕೇ ಬಿಡು. 1905ರ ಫೆಬ್ರವರಿ 23ರಂದು ಶಿಕಾಗೋದಲ್ಲಿ ಪಾಲ್ ಹ್ಯಾರಿಸ್ ಅನ್ನುವ ವಕೀಲ ಇನ್ನೂ ಮೂವರನ್ನು ಸೇರಿಸಿಕೊಂಡು ಕೂತ. ಒಂದು ಸಲ ಒಬ್ಬರ ಆಫೀಸು, ಮುಂದಿನ ಸಲ ಇನ್ನೊಬ್ಬರದು, ಹೀಗೆ ಸರದಿ ತಿರುಗುತ್ತಿತ್ತು. ಅದಕ್ಕೇ ರೋಟರಿ ಅಂತ ಹೆಸರು. ಸೇವೆ ಆಮೇಲೆ ಬಂದದ್ದು. ನಮ್ಮಲ್ಲೂ ಹಾಗೇ. ಮೊದಲು ಊಟಕ್ಕೆ ಬರುತ್ತಾರೆ. ಅವರಲ್ಲಿ ನಾಲ್ಕು ಜನ ತಟ್ಟೆ ತೊಳೆದ ಮೇಲೂ ಉಳಿಯುತ್ತಾರೆ. ಕ್ಲಬ್ಬು ನಡೆಯುವುದು ಆ ನಾಲ್ಕು ಜನರಿಂದ.

ಕಣ್ಣಿನ ಶಿಬಿರದ ವಿಷಯ ಹೇಳುತ್ತೇನೆ ಕೇಳು. ಮೊದಲ ಸಲ ನಾವು ಇಟ್ಟಿದ್ದು ಡಿಸೆಂಬರಿನಲ್ಲಿ. ಮಳೆ ಇಲ್ಲ, ಚಳಿ ಹಿತವಾಗಿದೆ, ಡಾಕ್ಟರಿಗೂ ಅನುಕೂಲ ಅಂತ ಲೆಕ್ಕ ಹಾಕಿದೆವು. ಪೆಂಡಾಲು, ಮೈಕು, ಉಪ್ಪಿಟ್ಟು ಎಲ್ಲ ತಯಾರು. ಬಂದವರು ಇಪ್ಪತ್ತು ಜನವೂ ಇಲ್ಲ. ಅದರಲ್ಲೂ ಕೆಲವರು ನಮ್ಮ ಸದಸ್ಯರ ಮನೆಯವರೇ, ಸುಮ್ನೆ ಚಾಳೀಸು ಎಷ್ಟಾಗಿದೆ ಅಂತ ನೋಡಿಸಲು ಬಂದವರು. ಕಾಫಿ ಕುಯ್ಲಿನ ಹೊತ್ತಿನಲ್ಲಿ ಯಾರು ಬರುತ್ತಾರೆ ಹೇಳು? ಕುಯ್ದ ಹಣ್ಣಿಗೆ ಕೆಜಿ ಲೆಕ್ಕದಲ್ಲಿ ದುಡ್ಡು. ಎರಡು ದಿನ ಬಿಟ್ಟರೆ ಎರಡು ದಿನದ ಸಂಪಾದನೆ ಹೋಯಿತು. ಕಾಫಿ ತೋಟದ ನಡುವೆ ಹುಟ್ಟಿ ಬೆಳೆದ ನಮಗೆ ಇಷ್ಟು ಹೊಳೆಯಲಿಲ್ಲ ನೋಡು.

ಮುಂದಿನ ವರ್ಷ ಅಕ್ಟೋಬರಿಗೆ ಹಾಕಿದೆವು, ಅದೂ ಸೋಮವಾರ. ಮಳೆ ಕಡಿಮೆಯಾಗಿರುತ್ತದೆ, ನಾಟಿ ಮುಗಿದಿರುತ್ತದೆ, ಕುಯ್ಲು ಇನ್ನೂ ಶುರುವಾಗಿರುವುದಿಲ್ಲ. ನಮ್ಮೂರಿನ ಸಂತೆ ಊರಿನ ಹೆಸರಲ್ಲೇ ಇದೆ. ಅವತ್ತು ಜನ ಹೇಗೂ ಪೇಟೆಗೆ ಬರುತ್ತಾರೆ. ಬಂದರು ನೋಡು, ಸಾಲು ಹಾಲಿನಿಂದ ರಸ್ತೆಗೆ ಬಂತು. ತೋಟಗಳ ಲೈನ್ ಮನೆಗಳಿಂದ, ಅಂದರೆ ಕೂಲಿಯವರ ಸಾಲು ಮನೆಗಳಿಂದ, ತಮಿಳು ಮಾತಾಡುವವರು, ಮಲಯಾಳದವರು, ಯರವ ಬುಡಕಟ್ಟಿನವರು, ಈಗೀಗ ಬಂದ ಅಸ್ಸಾಂ ಕಡೆಯವರು. ಓದು ಬಾರದವರಿಗೆ ಆ ಮೂರು ಕಾಲಿನ ಇಂಗ್ಲಿಷ್ E ಅಕ್ಷರದ ಬೋರ್ಡು ತೋರಿಸುತ್ತಾರಲ್ಲ, ಬಾಯಿ ಯಾವ ಕಡೆ ಇದೆ ಅಂತ ಬೆರಳು ಮಾಡಿ ತೋರಿಸಬೇಕು. ನನ್ನ ಕೆಲಸ ಆ ಬೋರ್ಡಿನ ಪಕ್ಕ ನಿಂತು ಅರೆಬರೆ ಹಿಂದಿಯಲ್ಲಿ ವಿವರಿಸುವುದು. ಒಬ್ಬಾತ ಬೋರ್ಡು ಬಿಟ್ಟು ನನ್ನ ಕೈ ನೋಡಿಕೊಂಡೇ ಎಲ್ಲ ಸರಿಯಾಗಿ ಹೇಳಿಬಿಟ್ಟ. ನಾನು ವಿವರಿಸುವ ಭರದಲ್ಲಿ ಉತ್ತರವನ್ನೇ ತೋರಿಸುತ್ತಿದ್ದೆನಂತೆ!

ಅಂದ ಹಾಗೆ, ಸೇವಾ ಕ್ಲಬ್ಬುಗಳು ಕಣ್ಣಿನ ಹಿಂದೆ ಯಾಕೆ ಬಿದ್ದವು ಅಂತ ಗೊತ್ತಾ? 1925ರಲ್ಲಿ ಹೆಲೆನ್ ಕೆಲ್ಲರ್ ಅಮೆರಿಕದಲ್ಲಿ ಲಯನ್ಸ್ ಕ್ಲಬ್ಬುಗಳ ಸಮಾವೇಶಕ್ಕೆ ಹೋಗಿ, ಕುರುಡುತನದ ವಿರುದ್ಧ ಕೆಲಸ ಮಾಡಿ ಅಂತ ಕೇಳಿಕೊಂಡರು. ಕಣ್ಣೂ ಕಾಣದ, ಕಿವಿಯೂ ಕೇಳದ ಆ ಹೆಣ್ಣುಮಗಳು ಕೇಳಿದ ಮೇಲೆ ಇಲ್ಲ ಅನ್ನುವುದು ಹೇಗೆ? ಆ ಮಾತಿನ ಎಳೆ ಹಿಡಿದರೆ ನಮ್ಮ ಸಂತೆ ದಿನದ ಸಾಲಿನ ತನಕ ಬರುತ್ತದೆ.

ಆ ಸಾಲಿನಲ್ಲಿ ಮಾದಾಪುರ ಕಡೆಯ ಒಬ್ಬ ಅಜ್ಜಿ ಇದ್ದಳು. ಎರಡೂ ಕಣ್ಣಿಗೆ ಪೊರೆ. ಆಪರೇಷನ್ ಬಿಟ್ಟಿ, ಬಸ್ಸು ಆಸ್ಪತ್ರೆಯದೇ, ಊಟವೂ ಇದೆ ಅಂದರೂ ಬಸ್ ಹತ್ತಲು ಒಪ್ಪಲಿಲ್ಲ. ಹೆದರಿಕೆ ಅಂದುಕೊಂಡೆವು. ಹೆದರಿಕೆ ಅಲ್ಲ. ಮನೆಯಲ್ಲಿ ಮೊಮ್ಮಗು ನೋಡಿಕೊಳ್ಳುವವಳು ಅವಳೇ. ಅವಳು ಎರಡು ದಿನ ಹೋದರೆ ಸೊಸೆ ಕೆಲಸ ಬಿಟ್ಟು ಕೂರಬೇಕು. ಕೊನೆಗೆ ನಮ್ಮ ಖಜಾಂಚಿ ಆ ತೋಟದ ಲೆಕ್ಕ ಬರೆಯುವ ರೈಟರ ಹತ್ತಿರ ಮಾತಾಡಿ ಸೊಸೆಗೆ ಎರಡು ದಿನದ ಸಂಬಳ ಕೊಡಿಸಿದರು. ಬಿಟ್ಟಿ ಆಪರೇಷನ್ ಅನ್ನುವುದು ಬಡವರಿಗೆ ಬಿಟ್ಟಿ ಅಲ್ಲ ಅಂತ ನನಗೆ ಅವತ್ತು ಗೊತ್ತಾಯಿತು. ಈಗ ಶಿಬಿರದ ಖರ್ಚಿನಲ್ಲಿ ಮೈಕಿನ ದುಡ್ಡು ತೆಗೆದು ಇದಕ್ಕೆ ಇಟ್ಟಿದ್ದೇವೆ. ಮೈಕ್ ಇಲ್ಲ ಅಂದ ಕೂಡಲೇ ಭಾಷಣಗಳೂ ಸಣ್ಣದಾದವು, ಅದು ಬೇರೆ ಲಾಭ.

ಒಂದು ಕಣ್ಣಿನ ಆಪರೇಷನ್ ಆಯಿತು. ನಿಜವಾದ ಪಜೀತಿ ಶುರುವಾಗುವುದು ಆಮೇಲೆ. ಕಣ್ಣಿಗೆ ಬಿಡುವ ಔಷಧಿ ಮೊದಲ ವಾರ ದಿನಕ್ಕೆ ಆರು ಸಲ, ಮುಂದಿನ ವಾರ ಐದು, ಹೀಗೆ ಇಳಿಸುತ್ತಾ ಹೋಗಬೇಕು ಅಂತ ಚೀಟಿಯಲ್ಲಿ ಬರೆದು ಕೊಟ್ಟಿದ್ದರು. ಚೀಟಿ ಓದುವವರು ಯಾರು? ಒಲೆಯ ಹೊಗೆ ತಾಗಬಾರದು, ತಲೆಗೆ ನೀರು ಹಾಕಿಕೊಳ್ಳಬಾರದು, ಭಾರ ಎತ್ತಬಾರದು. ಲೈನ್ ಮನೆಯ ಒಂದೇ ಕೋಣೆಯಲ್ಲಿ ಹೊಗೆಯಿಂದ ಎಲ್ಲಿಗೆ ಓಡುವುದು? ನಾನು ಐದನೇ ದಿನ ಹೋಗಿ ನೋಡಿದರೆ ಅಜ್ಜಿ ಔಷಧಿ ನಿಲ್ಲಿಸಿಬಿಟ್ಟಿದ್ದಳು. "ಕಣ್ಣು ಕಾಣ್ತದಲ್ಲ, ಮತ್ತೆ ಯಾಕೆ?" ಅಂದಳು. ಕ್ಯಾಲೆಂಡರಿನ ಒಂದೊಂದು ದಿನದ ಚೌಕದಲ್ಲೂ ಇಷ್ಟಿಷ್ಟು ಗೆರೆ ಎಳೆದು ಗೋಡೆಗೆ ಹಾಕಿದೆವು. ಒಂದು ಸಲ ಔಷಧಿ ಹಾಕಿದರೆ ಒಂದು ಗೆರೆ ಮಸಿಯಿಂದ ಹೊಡೆಯಬೇಕು. ಪಕ್ಕದ ಮನೆಯ ಏಳನೇ ಕ್ಲಾಸಿನ ಹುಡುಗಿ ಅದರ ಉಸ್ತುವಾರಿ. ಈಗ ಎಲ್ಲರಿಗೂ ಅದೇ ಕ್ಯಾಲೆಂಡರ್ ಕೊಡುತ್ತೇವೆ. ಇದರ ಫೋಟೋ ಯಾರೂ ತೆಗೆದಿಲ್ಲ. ನಾನೂ ತೆಗೆದಿಲ್ಲ, ಮರೆತೇ ಹೋಯಿತು.

ಮತ್ತೆ ಆ ಸೊಸೆಗೆ ನಮ್ಮ ಮೇಲೆ ಮುನಿಸು. ಅತ್ತೆಗೆ ಈಗ ಪಾತ್ರೆಯ ಜಿಡ್ಡು, ಅಕ್ಕಿಯ ಕಲ್ಲು ಎಲ್ಲ ಕಾಣುತ್ತದಂತೆ. ಇನ್ನೊಂದು ಕಣ್ಣಿಗೆ ಮಾಡಿಸುವುದು ಬೇಡ ಅಂತ ನನ್ನ ಹತ್ತಿರ ಗುಟ್ಟಾಗಿ ಹೇಳಿದಳು.

ಪೋಲಿಯೋ ಹನಿ, ಶಾಲೆಗೆ ಬೆಂಚು, ಛತ್ರಿ ಹಂಚುವುದು ಇವೆಲ್ಲ ನಿನಗೆ ಗೊತ್ತಿದ್ದದ್ದೇ. ಪೋಲಿಯೋದ್ದು ಮಾತ್ರ ಒಂದು ಸಾಲು ಬರೆಯಲೇಬೇಕು. 1985ರಲ್ಲಿ ರೋಟರಿಯವರು ಪೋಲಿಯೋ ಓಡಿಸುವ ಪಣ ಹೊತ್ತುಕೊಂಡಾಗ ಇದು ಆಗುವ ಕೆಲಸ ಅಂತ ಎಷ್ಟು ಜನ ನಂಬಿದ್ದರೋ. 2011ರ ಜನವರಿಯಲ್ಲಿ ಹೌರಾದ ಒಂದು ಮಗುವಿಗೆ ಬಂದದ್ದೇ ನಮ್ಮ ದೇಶದ ಕೊನೆಯ ಕೇಸು. 2014ರ ಮಾರ್ಚಿನಲ್ಲಿ ಭಾರತ ಪೋಲಿಯೋ ಮುಕ್ತ ಅಂತ ಸರ್ಟಿಫಿಕೇಟು ಸಿಕ್ಕಿತು. ಬಸ್ ಸ್ಟ್ಯಾಂಡಿನಲ್ಲಿ ಮಕ್ಕಳ ಕಿರುಬೆರಳಿಗೆ ಶಾಯಿ ಹಚ್ಚಿದವರಲ್ಲಿ ನೀನೂ ಒಬ್ಬ, ಮರೆತೆಯಾ?

ಈಗ ಕ್ಲಬ್ಬಿನ ರಿಜಿಸ್ಟರಿನ ವಿಷಯ. ನೀಲಿ ರಟ್ಟಿನದು, ಮೂಲೆಗಳೆಲ್ಲ ಮಳೆಗೆ ಉಬ್ಬಿವೆ. ಹಿಂದಿನ ಪುಟಗಳಲ್ಲಿ 2018ರ ಆಗಸ್ಟ್ ಇದೆ. ಮಕ್ಕಂದೂರು, ಹಟ್ಟಿಹೊಳೆ, ಮುಕ್ಕೋಡ್ಲು, ಜೋಡುಪಾಲ, ಬೆಟ್ಟಗಳೇ ಜಾರಿ ಬಂದ ಊರುಗಳು. ಪರಿಹಾರ ಕೇಂದ್ರದಲ್ಲಿ ಏನೇನು ಬಂತು, ಏನು ಬೇಕು ಅಂತ ಬರೆದ ಪುಟ ಅದು. ಬಂದದ್ದರ ಕಡೆ ಬಿಸ್ಕತ್ತು, ನೀರಿನ ಬಾಟಲಿ, ಹಳೇ ಬಟ್ಟೆ, ಮತ್ತೆ ಹಳೇ ಬಟ್ಟೆ. ಒಂದು ಮೂಟೆಯಲ್ಲಿ ಮದುವೆಯ ಕೋಟು ಇತ್ತು ಮಾರಾಯ! ಬೇಕಾದ್ದರ ಕಡೆ ಒಳಉಡುಪು, ಹೆಂಗಸರ ಪ್ಯಾಡು, ಟಾರ್ಚು, ಬಿ.ಪಿ. ಮಾತ್ರೆ, ರೇಷನ್ ಕಾರ್ಡಿನ ಜೆರಾಕ್ಸು. ಜನ ಕೊಟ್ಟ ಮನಸ್ಸು ದೊಡ್ಡದೇ. ಆದರೆ ಮೂಟೆ ಬಿಚ್ಚಿ ವಿಂಗಡಿಸುವುದರಲ್ಲೇ ನಮ್ಮ ಎರಡು ದಿನ ಹೋಯಿತು. ಆಮೇಲೆ ಯಾರು ಫೋನ್ ಮಾಡಿದರೂ ಮೊದಲು ಈ ಪಟ್ಟಿ ಓದಿ ಹೇಳುತ್ತಿದ್ದೆ. ಕೆಲವರಿಗೆ ಬೇಜಾರಾಯಿತು. ಆಗಲಿ.

ಮುಂದಿನ ಪುಟಗಳಲ್ಲಿ ರಕ್ತ ಕೊಡುವವರ ಪಟ್ಟಿ. ಗ್ರೂಪು, ಫೋನ್ ನಂಬರ್, ಕೊನೆ ಸಲ ಕೊಟ್ಟ ತಾರೀಕು. ಗಂಡಸರಾದರೆ ಮೂರು ತಿಂಗಳು, ಹೆಂಗಸರಾದರೆ ನಾಲ್ಕು ತಿಂಗಳು ಕಳೆದಿರಬೇಕು. ತೂಕ 45 ಕೆಜಿಗೆ ಕಡಿಮೆ ಇರಬಾರದು, ಹಿಮೋಗ್ಲೋಬಿನ್ 12.5 ಇರಬೇಕು. ಕ್ಯಾಂಪಿಗೆ ಉತ್ಸಾಹದಿಂದ ಬಂದ ಎಷ್ಟೋ ಹೆಣ್ಣುಮಕ್ಕಳು ಈ ಕೊನೆಯದರಲ್ಲಿ ವಾಪಸ್ ಹೋಗುತ್ತಾರೆ. ಗಂಡಸರಲ್ಲಿ ಕೆಲವರು ವಾಪಸ್ ಹೋಗುವುದು ಹಿಂದಿನ ರಾತ್ರಿಯ ಕಾರಣಕ್ಕೆ.

ನನಗೊಂದು ತಕರಾರಿದೆ, ಸಭೆಯಲ್ಲೂ ಹೇಳಿದ್ದೇನೆ. ಜೂನ್ 14 ವಿಶ್ವ ರಕ್ತದಾನಿಗಳ ದಿನ, ಅಕ್ಟೋಬರ್ 1 ನಮ್ಮ ದೇಶದ ರಕ್ತದಾನ ದಿನ. ಎಲ್ಲ ಕ್ಲಬ್ಬು, ಎಲ್ಲ ಕಾಲೇಜು ಆ ಎರಡು ದಿನವೇ ಕ್ಯಾಂಪ್ ಮಾಡುತ್ತಾರೆ. ರಕ್ತ ಫ್ರಿಜ್ಜಿನಲ್ಲಿ ಇರುವುದು ಹೆಚ್ಚೆಂದರೆ 35ರಿಂದ 42 ದಿನ. ಜೂನಿನಲ್ಲಿ ಎಲ್ಲರೂ ಕೊಟ್ಟು ಫೋಟೋ ತೆಗೆಸಿಕೊಂಡರೆ ಆಗಸ್ಟಿನ ಮಳೆಯಲ್ಲಿ ಎಲ್ಲಿಂದ ತರುವುದು? ಅದಕ್ಕೇ ಈ ವರ್ಷ ದೊಡ್ಡ ಕ್ಯಾಂಪು ಬಿಟ್ಟೆವು. ಎರಡು ತಿಂಗಳಿಗೊಮ್ಮೆ ಹತ್ತು ಹದಿನೈದು ಜನರನ್ನು ಕರೆದುಕೊಂಡು ಹೋಗುತ್ತೇವೆ. ಪೇಪರಿನಲ್ಲಿ ಬರುವುದಿಲ್ಲ. ಅಧ್ಯಕ್ಷರಿಗೆ ಸ್ವಲ್ಪ ಬೇಸರ ಇದೆ.

ಹೋದ ಜುಲೈನಲ್ಲಿ, ನಾನು ಕಾರ್ಯದರ್ಶಿ ಆದ ಹೊಸತರಲ್ಲಿ, ರಾತ್ರಿ ಎರಡು ಗಂಟೆಗೆ ಫೋನ್ ಬಂತು. ಮಡಿಕೇರಿಯಲ್ಲಿ ಒಬ್ಬ ಹೆಣ್ಣುಮಗಳಿಗೆ ಹೆರಿಗೆ, ರಕ್ತ ನಿಲ್ಲುತ್ತಿಲ್ಲ, ಓ ನೆಗೆಟಿವ್ ಬೇಕು. ನೆಗೆಟಿವ್ ಗ್ರೂಪಿನವರು ನಮ್ಮಲ್ಲಿ 100ಕ್ಕೆ ಐದಾರು ಜನ ಸಿಕ್ಕಿದರೆ ಹೆಚ್ಚು. ಕರೆಂಟ್ ಇಲ್ಲ. ಟಾರ್ಚು ಬಾಯಲ್ಲಿ ಕಚ್ಚಿಕೊಂಡು ರಿಜಿಸ್ಟರ್ ತೆಗೆದೆ. ಓ ನೆಗೆಟಿವ್ ಪುಟದಲ್ಲಿ ಆರು ನಂಬರ್. ಮೊದಲನೆಯದಕ್ಕೆ ಒಬ್ಬ ತಾಯಿ ಎತ್ತಿದರು. "ಅವನು ಹೋಗಿ ಎರಡು ವರ್ಷ ಆಯ್ತಲ್ಲಪ್ಪ" ಅಂದರು. ನಾನು ಏನು ಹೇಳಿದೆ, ಹೇಗೆ ಫೋನ್ ಇಟ್ಟೆ ನೆನಪಿಲ್ಲ. ಎರಡನೆಯದು ಚಾಲ್ತಿಯಲ್ಲಿಲ್ಲ. ಮೂರನೆಯದು ಯಾರದೋ ಲಾರಿ ಡ್ರೈವರಿನದು, ಪಾಪ ನಿದ್ದೆಯಲ್ಲಿ ಬೈದ. ನಾಲ್ಕನೆಯದು ಬೇಕರಿಯ ಹುಡುಗ. ಎದ್ದೇ ಇದ್ದ, ಬನ್ನಿನ ಹಿಟ್ಟು ಕಲಸುತ್ತಿದ್ದ. ಕೈ ತೊಳೆದು ಬಂದ. ಜೀಪಿನಲ್ಲಿ ಸುಮಾರು 40 ಕಿಲೋಮೀಟರು, ಆ ಮಳೆ, ಆ ತಿರುವುಗಳು. ಹೋದ ಮೇಲೂ ರಕ್ತ ತೆಗೆದು ನೇರ ಏರಿಸುವ ಹಾಗಿಲ್ಲ. ಎಚ್‌ಐವಿ, ಕಾಮಾಲೆ, ಮಲೇರಿಯಾ ಅಂತ ಟೆಸ್ಟು ಮಾಡಲೇಬೇಕು. ತಾಯಿ ಮಗು ಇಬ್ಬರೂ ಉಳಿದರು. ಬೆಳಿಗ್ಗೆ ವಾಪಸ್ ಬರುವಾಗ ಆ ಹುಡುಗನಿಗೆ ಇದ್ದ ಚಿಂತೆ ಒಂದೇ, ಹಿಟ್ಟು ಹುಳಿ ಬಂದಿರುತ್ತದೆ ಅಂತ.

ಪಟ್ಟಿ ಹಳತಾಗಲು ಬಿಟ್ಟದ್ದು ನಾವೇ. ವರ್ಷಕ್ಕೊಂದು ಸಲ ಅದನ್ನು ಹಿಡಿದು ಫೋಟೋ ತೆಗೆಸಿಕೊಂಡಿದ್ದೇವೆ, ಒಂದು ಸಲವೂ ಫೋನ್ ಮಾಡಿ ನೋಡಿರಲಿಲ್ಲ. ಆಮೇಲೆ ಈ ವರ್ಷವಿಡೀ ಭಾನುವಾರ ಸಂಜೆ ಕೂತು ಒಬ್ಬೊಬ್ಬರಿಗೇ ಮಾಡಿದೆ. ತೀರಿಕೊಂಡವರ ಹೆಸರಿಗೆ ಗೆರೆ ಎಳೆಯಲು ಕೈ ಬರಲಿಲ್ಲ, ಪಕ್ಕದಲ್ಲಿ ಚುಕ್ಕಿ ಇಟ್ಟಿದ್ದೇನೆ. "ರಾತ್ರಿ ಕರೆಯಬಹುದಾ" ಅಂತ ಹೊಸ ಕಾಲಮ್ಮು ಸೇರಿಸಿದ್ದೇನೆ.

ಇನ್ನು ಒಂದೇ ಹೆಸರು ಬಾಕಿ. ಆ ರಾತ್ರಿ ಚಾಲ್ತಿಯಲ್ಲಿಲ್ಲ ಅಂತ ಬಂದ ಎರಡನೇ ನಂಬರ್ ನಿನ್ನದು ಕಣೋ. ಗಾಬರಿಯಲ್ಲಿ ಹೆಸರೂ ನೋಡದೆ ಒತ್ತಿದ್ದೆ. ನೀನು ಊರು ಬಿಡುವ ಮೊದಲು ನಿನ್ನ ಕೈಯಾರೆ ಬರೆದದ್ದು, ಆ ಕೋಳಿ ಕೆದಕಿದ ಅಕ್ಷರ ನೋಡಿದರೆ ಗೊತ್ತಾಗುತ್ತದೆ. ಹೊಸ ನಂಬರ್ ನನ್ನ ಫೋನಿನಲ್ಲಿದೆ. ನಿನ್ನನ್ನು ಕೇಳದೆ ಬರೆಯುವುದು ಸರಿಯಲ್ಲ ಅಂತ ಬಿಟ್ಟಿದ್ದೇನೆ. ನೀನು ಬೆಂಗಳೂರಿನಲ್ಲಿದ್ದರೂ ಪರವಾಗಿಲ್ಲ. ಇಲ್ಲಿ ಕೈಮೀರಿದ ಕೇಸುಗಳನ್ನು ಮೈಸೂರಿಗೋ ಮಂಗಳೂರಿಗೋ ನಿಮ್ಮ ಊರಿಗೋ ಕಳಿಸುತ್ತಾರೆ. ಅಲ್ಲಿ ನಮ್ಮವರಿಗೆ ಯಾರೂ ಗೊತ್ತಿರುವುದಿಲ್ಲ.

ಕೊನೆ ಸಲ ಯಾವಾಗ ಕೊಟ್ಟೆ, ರಾತ್ರಿ ಕರೆಯಬಹುದಾ, ಇಷ್ಟು ಹೇಳು. ಕಾಗದ ಸಿಕ್ಕಿದ ಕೂಡಲೇ ಹೇಳಿದರೆ ನಾನೇ ಬರೆದು ಕೊಡುತ್ತೇನೆ. ಮನೆಯಲ್ಲಿ ಎಲ್ಲರನ್ನೂ ಕೇಳಿದೆ ಅಂತ ಹೇಳು. ಅಮ್ಮ ಕಳಲೆ ಉಪ್ಪಿನಕಾಯಿ ಹಾಕಿದ್ದಾಳೆ, ಯಾರಾದರೂ ಆ ಕಡೆ ಬಂದರೆ ಕಳಿಸುತ್ತೇನೆ.

ನಿನ್ನ,
ಬ್ಯಾನರ್ ಗೆಳೆಯ