ತುಕ್ಕು ಹಿಡಿದ ಕೊಳವೆ ಮತ್ತು ಮತದ ಹಕ್ಕು: ಗೆಳೆಯನಿಗೊಂದು ಪತ್ರ

ಪ್ರಿಯ ಗೆಳೆಯ,

ನಿನ್ನ ಪತ್ರ ಬಂದು ಮೂರು ವಾರಗಳಾದವು. ಎಪ್ಪತ್ತು ದಾಟಿದವರಿಗೆ ಮತದ ಹಕ್ಕು ಏಕಿರಬೇಕು, ತಾವು ಕಾಣದ ನಾಳೆಯನ್ನು ಅವರೇಕೆ ನಿರ್ಧರಿಸಬೇಕು ಎಂದು ಕೇಳಿದ್ದೆ. ಅಂದೇ ಉತ್ತರಿಸಿದ್ದರೆ ಸಿಟ್ಟಿನಲ್ಲಿ ಏನಾದರೂ ಬರೆದುಬಿಡುತ್ತಿದ್ದೆನೆಂದು ಕೈ ತಡೆದೆ. ಹದಿನೈದು ವರ್ಷ ದುಡಿದರೂ ಸ್ವಂತ ಮನೆಯ ಮಾತು ವರ್ಷದಿಂದ ವರ್ಷಕ್ಕೆ ದೂರವೇ ಸರಿಯುತ್ತಿರುವ ನಿನ್ನ ಸಂಕಟ ನನಗೆ ಗೊತ್ತು, ಅದಕ್ಕೆ ಕಾರಣವಾದ ನೀತಿಗಳಿವೆ ಎಂಬುದನ್ನೂ ಒಪ್ಪುತ್ತೇನೆ. ಆದರೆ ನೀನು ಸೂಚಿಸಿದ ಮದ್ದು ರೋಗವನ್ನು ಮುಟ್ಟುವುದಿಲ್ಲ. ಅದೇಕೆಂದು ಹೇಳಲು ಕಳೆದ ತಿಂಗಳು ನಾನು ಕಂಡ ಒಂದು ಸಂಗತಿಯಿಂದಲೇ ಆರಂಭಿಸುತ್ತೇನೆ.

ನಾನಿರುವ ವಸತಿ ಸಮುಚ್ಚಯದ ಮಾಲೀಕರ ಸಂಘದ ವಾರ್ಷಿಕ ಸಭೆ ಅದು. ನೀರಿನ ಕೊಳವೆಗಳು ತುಕ್ಕು ಹಿಡಿದು ಒಂದೊಂದಾಗಿ ಒಡೆಯುತ್ತಿದ್ದುದರಿಂದ, ಅಷ್ಟನ್ನೂ ಬದಲಿಸಲು ಪ್ರತಿ ಮನೆಯಿಂದ ದೊಡ್ಡ ಮೊತ್ತವನ್ನು ಒಂದೇ ಕಂತಿನಲ್ಲಿ ಸಂಗ್ರಹಿಸಬೇಕೆಂಬ ಪ್ರಸ್ತಾಪವಿತ್ತು. ಪ್ಲಂಬರ್ ಕತ್ತರಿಸಿ ತೆಗೆದ ಗೇಣುದ್ದದ ಕಬ್ಬಿಣದ ತುಂಡನ್ನು ಎಲ್ಲರೂ ನೋಡಲೆಂದು ಮೇಜಿನ ಮೇಲಿಟ್ಟಿದ್ದರು. ಹೊರಗೆ ಬಣ್ಣ ಬಳಿದ ಗಟ್ಟಿ ಕೊಳವೆ. ಒಳಗೆ ಕಂದು ಬಣ್ಣದ ಹಕ್ಕಳೆ ಸುತ್ತಲೂ ಬೆಳೆದು, ಹೆಬ್ಬೆರಳು ಹೋಗಬೇಕಾದ ಜಾಗದಲ್ಲಿ ಪೆನ್ಸಿಲ್ ಕೂಡ ತೂರದಷ್ಟು ಕಿಂಡಿ ಉಳಿದಿತ್ತು. ಎಂಬತ್ತರ ಸಮೀಪದ ಹಳೆಯ ಖಜಾಂಚಿಯವರು ಎದ್ದು ನಿಂತು, ನಿರ್ವಹಣಾ ಶುಲ್ಕವನ್ನು ಏರಿಸಬಾರದೆಂದು ಹದಿನೈದು ವರ್ಷ ಪ್ರತಿ ಸಭೆಯಲ್ಲಿ ಕೈ ಎತ್ತಿದವರಲ್ಲಿ ತಾವೂ ಒಬ್ಬರೆಂದೂ, ಹಾಗೆ ಉಳಿಸಿದ್ದರ ಬಿಲ್ಲು ಈಗ ಮೊನ್ನೆ ಮೊನ್ನೆ ಸಾಲ ಮಾಡಿ ಮನೆ ಕೊಂಡವರ ಕೈಗೆ ಬಂದಿದೆಯೆಂದೂ, ಆದ್ದರಿಂದ ಹಳಬರು ಹೆಚ್ಚಿನ ಪಾಲು ಕೊಡಬೇಕೆಂದೂ ಹೇಳಿದರು. ಅವರನ್ನು ಬಲವಾಗಿ ವಿರೋಧಿಸಿದವನು ನನಗಿಂತ ಕಿರಿಯ, ಎರಡು ವರ್ಷದಲ್ಲಿ ಮನೆ ಮಾರಿ ಹೋಗಲಿರುವವನು. ಆ ನೀರನ್ನೇ ದಿನವೂ ಬಳಸುವ ಬಾಡಿಗೆದಾರರು ಹಿಂದಿನ ಸಾಲಿನಲ್ಲಿ ಕುಳಿತು ಕೇಳುತ್ತಿದ್ದರು. ಸಂಘದ ನಿಯಮದಂತೆ ಅವರಿಗೆ ಮತವಿಲ್ಲ, ಮಾತಿನ ಅವಕಾಶವೂ ಇಲ್ಲ. ಕೊನೆಗೆ, ಒಡೆದಲ್ಲಿ ತೇಪೆ ಹಾಕಿದರೆ ಸಾಕು ಎಂದು ತೀರ್ಮಾನವಾಯಿತು.

ಸರ್ಕಾರದ ನೀತಿಯಲ್ಲಿ ತಲೆಮಾರುಗಳ ನಡುವಣ ಅನ್ಯಾಯ ಬಹುಮಟ್ಟಿಗೆ ಹೀಗೆಯೇ ನಡೆಯುತ್ತದೆ. ಯಾರೂ ಯಾರ ಜೇಬಿಗೂ ಕೈ ಹಾಕುವುದಿಲ್ಲ. ಲಾಭ ಇಂದು ಎಣಿಕೆಗೆ ಸಿಗುವವರಿಗೆ, ಖರ್ಚು ಇನ್ನೂ ಎಣಿಕೆಗೆ ಬಾರದವರಿಗೆ ಎಂಬ ಏರ್ಪಾಡೊಂದು ಸದ್ದಿಲ್ಲದೆ ಬೇರೂರುತ್ತದೆ. ಬ್ರಿಟನ್ನಿನಲ್ಲಿ 2011ರಿಂದ ಸರ್ಕಾರಿ ಪಿಂಚಣಿಯನ್ನು ಬೆಲೆಯೇರಿಕೆ, ವೇತನದ ಏರಿಕೆ, ಶೇ. 2.5 ಈ ಮೂರರಲ್ಲಿ ಯಾವುದು ಹೆಚ್ಚೋ ಅದರಂತೆ ಪ್ರತಿ ವರ್ಷ ಏರಿಸುವ, 'ಟ್ರಿಪಲ್ ಲಾಕ್' ಅಂದರೆ ಮೂರು ಬೀಗ ಎಂದು ಕರೆಯುವ ಪದ್ಧತಿ ಬಂತು. ಅದರ ಮರುವರ್ಷವೇ ಇಂಗ್ಲೆಂಡಿನ ವಿಶ್ವವಿದ್ಯಾಲಯಗಳ ವಾರ್ಷಿಕ ಶುಲ್ಕದ ಮಿತಿ ಸುಮಾರು ಮೂರು ಪಟ್ಟಾಗಿ 9,000 ಪೌಂಡಿಗೇರಿತು. ಪಿಂಚಣಿ ಹೆಚ್ಚಿಸಿದ್ದು ತಪ್ಪೆಂದು ನಾನು ಹೇಳಲಾರೆ, ಮುಪ್ಪಿನಲ್ಲಿ ಬಡತನ ಯಾರಿಗೂ ಬೇಡ. ಆದರೆ ಮತಗಟ್ಟೆಗೆ ತಪ್ಪದೆ ಬರುವವರಿಗೆ ಕೊಟ್ಟ ಭರವಸೆಗೆ ಮೂರು ಬೀಗ ಹಾಕಿದ ಸರ್ಕಾರವೇ, ಆಗಷ್ಟೇ ಮತದಾರರ ಪಟ್ಟಿಗೆ ಸೇರುತ್ತಿದ್ದವರ ಹೆಗಲಿಗೆ ಸಾಲ ಏರಿಸಿತು ಎಂಬುದನ್ನು ಕಣ್ಣು ಮುಚ್ಚಿ ದಾಟಿಹೋಗುವಂತಿಲ್ಲ.

ಮನೆಯ ವಿಷಯಕ್ಕೆ ಬಂದರೆ, ನಿನ್ನ ಕೋಪವನ್ನು ನಾನು ಪೂರ್ತಿಯಾಗಿ ಹಂಚಿಕೊಳ್ಳುತ್ತೇನೆ. ಅಮೆರಿಕದ ಕ್ಯಾಲಿಫೋರ್ನಿಯಾ ರಾಜ್ಯದಲ್ಲಿ 1978ರಲ್ಲಿ ಜನರ ಮತದಿಂದಲೇ ಅಂಗೀಕಾರವಾದ 'ಪ್ರಪೊಸಿಷನ್ 13' ಎಂಬ ನಿಯಮವನ್ನು ನೋಡು. ಅದರ ಪ್ರಕಾರ ಆಸ್ತಿ ತೆರಿಗೆ ಲೆಕ್ಕ ಹಾಕಿದ ಮೌಲ್ಯದ ಶೇ. 1ರಷ್ಟನ್ನು ಮೀರಬಾರದು, ಆ ಮೌಲ್ಯ ವರ್ಷಕ್ಕೆ ಶೇ. 2ಕ್ಕಿಂತ ಹೆಚ್ಚು ಏರಬಾರದು. ಮನೆ ಕೈ ಬದಲಾದಾಗ ಅಥವಾ ಹೊಸದಾಗಿ ಕಟ್ಟಿದಾಗ ಮಾತ್ರ ಪೇಟೆಯ ದರಕ್ಕೆ ಹೊಸ ಲೆಕ್ಕ. ಏರುತ್ತಿದ್ದ ತೆರಿಗೆಗೆ ಹೆದರಿದ್ದ ವೃದ್ಧರನ್ನು ಮನೆ ಬಿಡದಂತೆ ಉಳಿಸುವುದು ಒಳ್ಳೆಯ ಉದ್ದೇಶವೇ ಸರಿ. ಆದರೆ ಪರಿಣಾಮವಾಗಿ, ಒಂದೇ ಬೀದಿಯಲ್ಲಿ ಒಂದೇ ಅಳತೆಯ ಎರಡು ಮನೆಗಳಿದ್ದು, ಒಂದೇ ರಸ್ತೆಯನ್ನೂ ಒಂದೇ ಶಾಲೆಯನ್ನೂ ಬಳಸಿದರೂ, ನಿನ್ನೆ ಕೊಂಡವನು ನಲವತ್ತು ವರ್ಷದ ಹಿಂದೆ ಕೊಂಡವನಿಗಿಂತ ಹಲವು ಪಟ್ಟು ತೆರಿಗೆ ಕಟ್ಟುತ್ತಾನೆ. 1986ರಲ್ಲಿ ಈ ಹಳೆಯ ಲೆಕ್ಕವನ್ನು ತಂದೆತಾಯಿಯಿಂದ ಮಕ್ಕಳಿಗೆ ದಾಟಿಸಲೂ ಅವಕಾಶ ಕೊಟ್ಟರು. 2020ರಲ್ಲಷ್ಟೇ ಅದನ್ನು ಬಿಗಿಗೊಳಿಸಿದರು.

ನಿನ್ನ ವಾದ ಸಡಿಲವಾಗುವುದು ಇಲ್ಲಿಯೇ. ಮನೆಯ ಬೆಲೆ ಏರಿದಾಗ ಕಷ್ಟಕ್ಕೆ ಸಿಲುಕುವವರು ಎಲ್ಲ ಯುವಕರೂ ಅಲ್ಲ. ಹೆತ್ತವರಿಗೆ ಮನೆಯಿದ್ದವನಿಗೆ ಮೊದಲ ಕಂತಿಗೆ ಸಹಾಯ ಸಿಗುತ್ತದೆ, ಮುಂದೆ ಮನೆಯೂ ಸಿಗುತ್ತದೆ. ಹೆತ್ತವರು ಬಾಡಿಗೆ ಮನೆಯಲ್ಲೇ ಬದುಕಿ ಮುಗಿಸಿದವನಿಗೆ ಎರಡೂ ಇಲ್ಲ. ಹಾಗೆಯೇ, ಎಪ್ಪತ್ತೈದರ ವಯಸ್ಸಿನಲ್ಲಿ ಬಾಡಿಗೆ ಕಟ್ಟಲು ಇನ್ನೂ ದುಡಿಯುತ್ತಿರುವವರನ್ನು ನೀನೂ ನೋಡಿದ್ದೀಯ. ಹಳೆಯ ತಲೆಮಾರು ಮನೆಗಳನ್ನು ಬಾಚಿಕೊಂಡಿತು ಎಂಬ ಮಾತು ಆ ಹಿರಿಯರಿಗೆ ಮಾಡುವ ಅನ್ಯಾಯ. ಜೊತೆಗೆ, ಹೊಸ ಮನೆಗಳನ್ನು ಕಟ್ಟಲು ಬಿಡದ ನಿಯಮಗಳಿಂದ ತನ್ನ ಆಸ್ತಿಯ ಬೆಲೆ ಏರುತ್ತಿರುವ ಮೂವತ್ತರ ಮಾಲೀಕನನ್ನು ಆ ಮಾತು ಕೈಬಿಟ್ಟುಬಿಡುತ್ತದೆ.

ಮತದ ಬಗ್ಗೆಯೂ ಹೀಗೆಯೇ. ಮತದ ಹಕ್ಕಿನ ಇತಿಹಾಸದಲ್ಲಿ ನಾನು ಮೆಚ್ಚುವ ಪ್ರತಿ ಹೆಜ್ಜೆಯೂ ಹೊರಗಿದ್ದವರನ್ನು ಒಳಗೆ ಕರೆದದ್ದು. ಹದಿನೆಂಟಕ್ಕೆ ವಿಯೆಟ್ನಾಂ ಯುದ್ಧಕ್ಕೆ ಹೋಗಬೇಕಾದವನು ಮತಕ್ಕಾಗಿ ಇಪ್ಪತ್ತೊಂದರವರೆಗೆ ಕಾಯಬೇಕೆಂಬ ವಿಪರೀತವನ್ನು ಅಮೆರಿಕ 1971ರಲ್ಲಿ ಸಂವಿಧಾನದ 26ನೇ ತಿದ್ದುಪಡಿಯಿಂದ ಕೊನೆಗೊಳಿಸಿತು. ಭಾರತದಲ್ಲಿ 61ನೇ ತಿದ್ದುಪಡಿಯಿಂದಾಗಿ 1989ರಲ್ಲಿ ಮತದಾನದ ವಯಸ್ಸು 21ರಿಂದ 18ಕ್ಕೆ ಇಳಿಯಿತು. ಆಸ್ಟ್ರಿಯಾ 2007ರಲ್ಲಿ ಅದನ್ನು 16ಕ್ಕೆ ಇಳಿಸಿತು, ನಾನು ಅದರ ಪರ. ಅದಕ್ಕಿಂತ ಮುಖ್ಯವಾದ, ಆದರೆ ಯಾರ ಗಮನವನ್ನೂ ಸೆಳೆಯದ ಕೆಲಸ ಮತದಾರರ ಪಟ್ಟಿಯದು: ಕೆಲಸಕ್ಕಾಗಿ, ಬಾಡಿಗೆ ಏರಿದ್ದಕ್ಕಾಗಿ ಪದೇ ಪದೇ ಮನೆ ಬದಲಿಸುವವನ ಹೆಸರು ಹಳೆಯ ವಿಳಾಸದಲ್ಲೇ ಉಳಿಯುತ್ತದೆ ಅಥವಾ ಅಲ್ಲಿಂದ ಅಳಿಸಿಹೋಗುತ್ತದೆ, ಸ್ವಂತ ಮನೆಯಲ್ಲಿ ನೆಲೆನಿಂತವನ ಹೆಸರು ಮಾತ್ರ ಅಲುಗುವುದಿಲ್ಲ. ನೀನೇ ಐದು ವರ್ಷದಲ್ಲಿ ನಾಲ್ಕು ಮನೆ ಬದಲಿಸಿದ್ದೀಯ. ನಿನ್ನ ಹೆಸರು ಈಗ ಯಾವ ವಿಳಾಸದಲ್ಲಿದೆ, ನೋಡಿದ್ದೀಯಾ?

ಒಂದು ತಲೆಮಾರು ಮುಂದಿನದನ್ನು ಎಷ್ಟರಮಟ್ಟಿಗೆ ಕಟ್ಟಿಹಾಕಬಹುದು ಎಂಬ ಪ್ರಶ್ನೆ ನಮಗಿಂತ ಬಹಳ ಹಿಂದೆ, ಮುಂದೆ ಅಮೆರಿಕದ ಅಧ್ಯಕ್ಷರಾದ ಇಬ್ಬರು ಗೆಳೆಯರ ಪತ್ರಗಳಲ್ಲಿ ಬಂದಿತ್ತು. 1789ರ ಸೆಪ್ಟೆಂಬರ್ 6ರಂದು ಥಾಮಸ್ ಜೆಫರ್ಸನ್ ಪ್ಯಾರಿಸ್ಸಿನಿಂದ ಜೇಮ್ಸ್ ಮ್ಯಾಡಿಸನ್‌ಗೆ ಬರೆದ ಪತ್ರದಲ್ಲಿ, ಭೂಮಿಯನ್ನು ಅನುಭವಿಸುವ ಹಕ್ಕು ಬದುಕಿರುವವರದು, ಒಂದು ತಲೆಮಾರು ಮತ್ತೊಂದನ್ನು ತನ್ನ ಸಾಲದಿಂದ ಕಟ್ಟಿಹಾಕಬಾರದು ಎಂದು ವಾದಿಸಿ, ಜನರ ಆಯುಷ್ಯದ ಕೋಷ್ಟಕ ಹಿಡಿದು ಲೆಕ್ಕ ಹಾಕಿ, ಸಾಲವೂ ಕಾನೂನೂ 19 ವರ್ಷಕ್ಕೆ ಮುಗಿಯಬೇಕೆಂಬ ತೀರ್ಮಾನಕ್ಕೆ ಬಂದಿದ್ದ. ನಿನ್ನ ಪತ್ರ ಓದುವಾಗ ನನಗೆ ಆ ಪತ್ರವೇ ನೆನಪಾಯಿತು. ಮರುವರ್ಷದ ಫೆಬ್ರವರಿಯಲ್ಲಿ ಮ್ಯಾಡಿಸನ್ ಕೊಟ್ಟ ಉತ್ತರ ನನಗೆ ಹೆಚ್ಚು ಸರಿಯೆನಿಸುತ್ತದೆ: ಸತ್ತವರು ಮಾಡಿಟ್ಟ ಸುಧಾರಣೆಗಳ ಫಲವನ್ನು ಉಣ್ಣುವವರ ಮೇಲೆ ಅದರ ಋಣವೂ ಇರುತ್ತದೆ, ಮುಂದಿನವರ ಒಳಿತಿಗೆಂದೇ ಮಾಡುವ ಸಾಲವೂ ಇರುತ್ತದೆ. ಅಂದರೆ ಸಾಲ ಉಳಿಯಿತೇ ಎಂದು ಕೇಳಿದರೆ ಸಾಲದು, ಸಾಲದ ಜೊತೆಗೆ ಏನು ಉಳಿಯಿತು ಎಂದೂ ಕೇಳಬೇಕು. ಕೊಳವೆ ಬದಲಿಸಲು ಮಾಡಿದ ಸಾಲವನ್ನು ನಾಳೆ ಬರುವವನು ಮನಸಾರೆ ತೀರಿಸಿಯಾನು. ಕೊಳವೆಯನ್ನು ಕೊಳೆಯಲು ಬಿಟ್ಟು ಉಳಿಸಿದ ಶುಲ್ಕ ಯಾವ ಲೆಕ್ಕಪುಸ್ತಕದಲ್ಲೂ ಸಾಲವೆಂದು ಕಾಣುವುದಿಲ್ಲ, ಆದರೆ ಅದೇ ದೊಡ್ಡ ಸಾಲ.

ಇನ್ನೂ ಹುಟ್ಟದವರಿಗೆ ಮತ ಕೊಡಲು ಯಾರಿಂದಲೂ ಆಗದು. ಆದರೆ ಅವರ ಪಾಲನ್ನು ಕೇಳುವ ಸ್ಥಾನವೊಂದನ್ನು ಸೃಷ್ಟಿಸಬಹುದು. ವೇಲ್ಸ್ 2015ರ ಕಾನೂನಿನಿಂದ ಭವಿಷ್ಯದ ತಲೆಮಾರುಗಳಿಗಾಗಿ ಒಬ್ಬ ಆಯುಕ್ತರನ್ನು ನೇಮಿಸಿತು; ಅವರು ಯಾವ ತೀರ್ಮಾನವನ್ನೂ ರದ್ದುಪಡಿಸಲಾರರು, ಆದರೆ ಅವರ ಶಿಫಾರಸನ್ನು ಒಪ್ಪದ ಸಾರ್ವಜನಿಕ ಸಂಸ್ಥೆ ಏಕೆ ಒಪ್ಪಲಿಲ್ಲವೆಂದು ಬಹಿರಂಗವಾಗಿ ಹೇಳಬೇಕು. ಜರ್ಮನಿಯ ಸಾಂವಿಧಾನಿಕ ನ್ಯಾಯಾಲಯ 2021ರಲ್ಲಿ ಇನ್ನೂ ಮುಂದೆ ಹೋಯಿತು. ಇಂಗಾಲದ ಹೊರಸೂಸುವಿಕೆಯನ್ನು ತಗ್ಗಿಸುವ ಭಾರದ ಬಹುಪಾಲನ್ನು 2030ರ ನಂತರಕ್ಕೆ ತಳ್ಳುವುದರಿಂದ ಇಂದಿನ ಎಳೆಯರ ನಾಳಿನ ಸ್ವಾತಂತ್ರ್ಯಕ್ಕೆ ಧಕ್ಕೆಯಾಗುತ್ತದೆ ಎಂದು ಹವಾಮಾನ ಕಾನೂನಿನ ಒಂದು ಭಾಗವನ್ನು ಸಂವಿಧಾನಬಾಹಿರವೆಂದು ಸಾರಿತು. ನನ್ನ ಮನಸ್ಸಿಗೆ ಹೆಚ್ಚು ಹತ್ತಿರವಾದದ್ದು ಜಪಾನಿನ ಯಹಾಬಾ ಎಂಬ ಪಟ್ಟಣದ ಪ್ರಯೋಗ. ಅಲ್ಲಿ 2015ರಲ್ಲಿ ನಿವಾಸಿಗಳ ಕೆಲವು ಗುಂಪುಗಳಿಗೆ 2060ರಲ್ಲಿ ಬದುಕುತ್ತಿರುವವರಂತೆ ಭಾವಿಸಿಕೊಂಡು ಪಟ್ಟಣದ ಯೋಜನೆಗಳನ್ನು ಚರ್ಚಿಸಲು ಹೇಳಿದರು. ಇಂದಿನವರಾಗಿಯೇ ಮಾತನಾಡಿದ ಗುಂಪುಗಳಿಗಿಂತ ಅವರು ದೂರದ, ಕಷ್ಟದ ಕೆಲಸಗಳನ್ನು ಆರಿಸಿಕೊಂಡರು. ನಮ್ಮ ಖಜಾಂಚಿಯವರು ಯಾರೂ ಹೇಳಿಕೊಡದೆ ಅದನ್ನೇ ಮಾಡಿದ್ದರು. ನೀನು ಹೇಳುವ ನಿಯಮ ಜಾರಿಯಲ್ಲಿದ್ದಿದ್ದರೆ ಆ ಸಭೆಯಲ್ಲಿ ಮೊದಲು ಮತ ಕಳೆದುಕೊಳ್ಳುತ್ತಿದ್ದವರೂ ಅವರೇ.

ಅವರೊಂದಿಗೆ ಕುಳಿತು ಸಂಘದ ನಿಯಮಾವಳಿಗೆ ಎರಡು ತಿದ್ದುಪಡಿಗಳ ಕರಡನ್ನು ಬರೆಯುತ್ತಿದ್ದೇನೆ. ಬಾಡಿಗೆದಾರರಿಗೆ ಸಭೆಯಲ್ಲಿ ಮಾತನಾಡುವ ಹಕ್ಕು ಮತ್ತು ದಿನನಿತ್ಯದ ಸೌಕರ್ಯಗಳ ವಿಷಯದಲ್ಲಿ ಮತ, ಇದು ಮೊದಲನೆಯದು. ಪ್ರತಿ ತಿಂಗಳ ಶುಲ್ಕದ ಒಂದು ಪಾಲು ದೊಡ್ಡ ದುರಸ್ತಿಯ ನಿಧಿಗೆ ಹೋಗಬೇಕು, ಮನೆ ಮಾರಿದರೂ ಆ ಹಣವನ್ನು ಹಿಂದಕ್ಕೆ ಪಡೆಯುವಂತಿಲ್ಲ ಎಂಬುದು ಎರಡನೆಯದು. ಸ್ವಂತ ಮನೆಯಿಲ್ಲದ ನಿನ್ನ ಕಣ್ಣಿಗೆ ಕಾಣುವ ಕೊರತೆಗಳು ನಮ್ಮಿಬ್ಬರಿಗೂ ಕಾಣಲಾರವು. ಕರಡನ್ನು ಈ ಪತ್ರದ ಜೊತೆಗಿಟ್ಟಿದ್ದೇನೆ. ಸಭೆಗೆ ಇನ್ನು ಆರು ವಾರವಿದೆ, ಅಷ್ಟರೊಳಗೆ ತಿದ್ದಿ ಕಳುಹಿಸು.

ನಿನ್ನ ಗೆಳೆಯ