‘18 ಗಂಟೆ ಬ್ಯಾಟರಿ’ ಸರಿ, ವ್ಯಾಟ್-ಅವರ್ ಎಷ್ಟು?

ಮಾನ್ಯ ಸಂಪಾದಕರೇ,

ಸಿಇಟಿ ಸೀಟು ಹಂಚಿಕೆ ಶುರುವಾಗುವ ಹೊತ್ತಿಗೆ ಪತ್ರಿಕೆಗಳ ಪುಟಗಳನ್ನು ಲ್ಯಾಪ್‌ಟಾಪ್ ಜಾಹೀರಾತುಗಳು ತುಂಬಿಕೊಳ್ಳುತ್ತವೆ. ‘ಇಡೀ ದಿನ ಬ್ಯಾಟರಿ’, ‘18 ಗಂಟೆ’ ಎಂಬ ಮಾತುಗಳು ದಪ್ಪಕ್ಷರದಲ್ಲಿರುತ್ತವೆ. ಆ ಗಂಟೆಗಳು ಎಲ್ಲಿಂದ ಬಂದವು ಎಂದು ತಿಳಿಸುವ ಅಂಕಿ, ಅಂದರೆ ಬ್ಯಾಟರಿ ಎಷ್ಟು ವಿದ್ಯುತ್ ಹಿಡಿಯುತ್ತದೆಂದು ಹೇಳುವ ವ್ಯಾಟ್-ಅವರ್, ಜಾಹೀರಾತಿನಲ್ಲೂ ಸಿಗುವುದಿಲ್ಲ, ಅಂಗಡಿಯ ಬೆಲೆಚೀಟಿಯಲ್ಲೂ ಸಿಗುವುದಿಲ್ಲ. ಟ್ಯಾಂಕಿಗೆ ಎಷ್ಟು ಲೀಟರ್ ಹಿಡಿಯುತ್ತದೆಂದು ಹೇಳದೆ ‘ಒಮ್ಮೆ ತುಂಬಿಸಿದರೆ ಮಂಗಳೂರಿಗೆ ಹೋಗಿಬರಬಹುದು’ ಎಂದು ಬೈಕ್ ಮಾರಿದ ಹಾಗಾಯಿತು ಇದು.

ಲೆಕ್ಕ ಕಷ್ಟದ್ದೇನಲ್ಲ. ಬ್ಯಾಟರಿಯ ವ್ಯಾಟ್-ಅವರ್ ಅನ್ನು ಯಂತ್ರ ಎಳೆಯುವ ವ್ಯಾಟ್‌ನಿಂದ ಭಾಗಿಸಿದರೆ ಗಂಟೆ ಸಿಗುತ್ತದೆ. ಬ್ರೌಸರ್‌ನಲ್ಲಿ ಏಳೆಂಟು ಟ್ಯಾಬ್, ಒಂದು ವರ್ಡ್ ಕಡತ, ವೈಫೈ, ಮುಕ್ಕಾಲು ಪಾಲು ಬೆಳಕು. ಇಷ್ಟು ಕೆಲಸಕ್ಕೆ ಸಾಧಾರಣ ವಿಂಡೋಸ್ ಲ್ಯಾಪ್‌ಟಾಪ್ 8ರಿಂದ 10 ವ್ಯಾಟ್ ಎಳೆಯುತ್ತದೆ. 41 ವ್ಯಾಟ್-ಅವರ್ ಬ್ಯಾಟರಿಯಾದರೆ ನಾಲ್ಕೂವರೆ ಗಂಟೆ, 54 ಆದರೆ ಆರು ಗಂಟೆ. ಕೊನೆಯ ಶೇ 5ರಲ್ಲಿ ಯಂತ್ರ ತಾನೇ ಮಲಗುವುದರಿಂದ ಅದನ್ನೂ ಕಳೆಯಬೇಕು. ಹಾಗಾದರೆ 15, 18 ಗಂಟೆ ಎಂಬ ಮಾತು ಸುಳ್ಳೇ? ಪೂರ್ತಿ ಸುಳ್ಳಲ್ಲ. ಆಪಲ್ ಕಂಪನಿಯ 2020ರ ಎಂ1 ಚಿಪ್‌ನ ಮ್ಯಾಕ್‌ಬುಕ್ ಏರ್‌ನಲ್ಲಿ 49.9 ವ್ಯಾಟ್-ಅವರ್ ಬ್ಯಾಟರಿ ಇತ್ತು. ಕಂಪನಿ ಹೇಳಿದ್ದು ವೆಬ್‌ಗೆ 15 ಗಂಟೆ, ವಿಡಿಯೊಗೆ 18 ಗಂಟೆ. ಭಾಗಿಸಿ ನೋಡಿದರೆ 3.3 ವ್ಯಾಟ್ ಮತ್ತು 2.8 ವ್ಯಾಟ್ ಬರುತ್ತದೆ. ಆ ಪರೀಕ್ಷೆಯಲ್ಲಿ ಪರದೆಯ ಬೆಳಕನ್ನು ಕೆಳಗಿನಿಂದ ಎಂಟು ಹಂತಕ್ಕೆ ನಿಲ್ಲಿಸಿದ್ದರೆಂದು ಅವರದೇ ಸಣ್ಣಕ್ಷರದ ಟಿಪ್ಪಣಿ ಹೇಳುತ್ತದೆ. ವಿಡಿಯೊ ಓಡಿಸುವ ಕೆಲಸವನ್ನು ಚಿಪ್‌ನೊಳಗಿನ ಪ್ರತ್ಯೇಕ ಭಾಗವೊಂದು ನೋಡಿಕೊಳ್ಳುತ್ತದೆ, ಮುಖ್ಯ ಪ್ರೊಸೆಸರ್ ಹೆಚ್ಚುಕಡಿಮೆ ಸುಮ್ಮನಿರುತ್ತದೆ. ಅದಕ್ಕೇ ಜಾಹೀರಾತಿಗೆ ವಿಡಿಯೊ ಗಂಟೆಯೇ ಇಷ್ಟ. ಅದೇ ಯಂತ್ರದಲ್ಲಿ ಗೂಗಲ್ ಮೀಟ್ ತೆರೆದು ಕ್ಯಾಮೆರಾ ಹಾಕಿದರೆ ಲೆಕ್ಕವೇ ಬೇರೆ.

ಆದ್ದರಿಂದ ಅಂಗಡಿಯಲ್ಲಿ ಮೊದಲು ಕೇಳಬೇಕಾದ ಪ್ರಶ್ನೆ: ವ್ಯಾಟ್-ಅವರ್ ಎಷ್ಟು? ‘ಮೂರು ಸೆಲ್ ಸಾರ್’ ಅನ್ನುವುದು ಉತ್ತರವಲ್ಲ, ಮೂರು ಸೆಲ್‌ನಲ್ಲಿ 41ರದೂ ಇದೆ, 50ರ ಮೇಲಿನದೂ ಇದೆ. ಎಂಎಎಚ್ (ಮಿಲಿಆಂಪಿಯರ್-ಅವರ್) ಹೇಳಿದರೆ ವೋಲ್ಟ್ ಕೂಡ ಕೇಳಿ, ಎರಡನ್ನೂ ಗುಣಿಸಿ ಸಾವಿರದಿಂದ ಭಾಗಿಸಿ. 11.4 ವೋಲ್ಟ್‌ನ 4,200 ಎಂಎಎಚ್ ಅಂದರೆ 48 ವ್ಯಾಟ್-ಅವರ್ ಆಗುತ್ತದೆ. ಮಾದರಿಯ ಹೆಸರನ್ನು ನಂಬಿ ಕೂರುವಂತೆಯೂ ಇಲ್ಲ. ಡೆಲ್ ಇನ್‌ಸ್ಪಿರಾನ್ 3520 ಎಂಬ ಒಂದೇ ಹೆಸರಿನಲ್ಲಿ 41ರ ಬ್ಯಾಟರಿಯದೂ ಬಂದಿದೆ, 54ರದೂ ಬಂದಿದೆ. ಪೆಟ್ಟಿಗೆಯ ಬದಿಯಲ್ಲಿರುವ ಪೂರ್ಣ ಉತ್ಪನ್ನ ಸಂಖ್ಯೆಯನ್ನು ಕಂಪನಿಯ ಜಾಲತಾಣದಲ್ಲಿ ಹಾಕಿದರೆ ಮಾತ್ರ ನಿಮ್ಮ ಕೈಯಲ್ಲಿರುವುದು ಯಾವುದೆಂದು ತಿಳಿಯುತ್ತದೆ. ಲೆನೊವೊದವರು ಪಿಎಸ್‌ಆರ್‌ಇಎಫ್ ಎಂಬ ತಾಣದಲ್ಲಿ ಈ ವಿವರವನ್ನು ಅಚ್ಚುಕಟ್ಟಾಗಿ ಇಟ್ಟಿದ್ದಾರೆ; ಉಳಿದವರದರಲ್ಲಿ ಸ್ವಲ್ಪ ಹುಡುಕಬೇಕು.

ದೊಡ್ಡ ಲ್ಯಾಪ್‌ಟಾಪ್‌ಗೆ ದೊಡ್ಡ ಬ್ಯಾಟರಿ ಎಂಬ ಊಹೆಯೂ ನಿಲ್ಲುವುದಿಲ್ಲ. ಆಸುಸ್‌ನ ವಿವೊಬುಕ್ 15 (ಎಕ್ಸ್1504) 1.7 ಕಿಲೊ ತೂಗುತ್ತದೆ, ಬ್ಯಾಟರಿ 42 ವ್ಯಾಟ್-ಅವರ್. ಅದೇ ಕಂಪನಿಯ ಜೆನ್‌ಬುಕ್ 14 (ಯುಎಕ್ಸ್3405) 1.2 ಕಿಲೊ, ಬ್ಯಾಟರಿ 75. ಬೆಲೆಯಲ್ಲಿ ಅಂತರ ಇದೆ, ಇಲ್ಲವೆನ್ನುವುದಿಲ್ಲ. ಆದರೆ 15.6 ಇಂಚಿನ ಅಗ್ಗದ ಪೆಟ್ಟಿಗೆಯನ್ನು ಬಿಚ್ಚಿದರೆ ಒಳಗೆ ಅಂಗೈಯಗಲ ಜಾಗ ಖಾಲಿ ಬಿದ್ದಿರುವುದು ಸಾಮಾನ್ಯ, ಎಷ್ಟೋ ಸಲ ಅದು ಹಾರ್ಡ್ ಡಿಸ್ಕ್‌ಗೆಂದು ಬಿಟ್ಟ ಜಾಗ. ಪರದೆ ದೊಡ್ಡದಾದಷ್ಟೂ ಬೆಳಕಿಗೆ ಹೆಚ್ಚು ವಿದ್ಯುತ್ ಬೇಕು ಬೇರೆ. ಹಾಸ್ಟೆಲು, ಬಸ್ಸು, ಲ್ಯಾಬ್ ಎಂದು ಹೊತ್ತು ತಿರುಗುವವರಿಗೆ 14 ಇಂಚು, 1.4 ಕಿಲೊ ಒಳಗೆ, 55 ವ್ಯಾಟ್-ಅವರ್‌ಗೆ ಕಡಿಮೆಯಿಲ್ಲದ್ದು ಎಂಬ ಗೆರೆ ಹಾಕಿಕೊಳ್ಳುವುದು ಒಳ್ಳೆಯದು. ತೂಕ ಹಾಕುವಾಗ ಚಾರ್ಜರ್ ಸೇರಿಸಿಯೇ ಹಾಕಿ. ಗೇಮಿಂಗ್ ಲ್ಯಾಪ್‌ಟಾಪ್‌ನ ಚಾರ್ಜರ್ ಒಂದೇ ಅರ್ಧ ಕಿಲೊ ದಾಟುತ್ತದೆ.

ಇನ್ನು ಪ್ರೊಸೆಸರ್. ಸಂಖ್ಯೆಯ ಕೊನೆಯ ಅಕ್ಷರವನ್ನು ನೋಡದೆ ‘ಐ5, 16 ಜಿಬಿ’ ಎಂದಷ್ಟೇ ಕೇಳಿ ಕೊಳ್ಳುವವರೇ ಹೆಚ್ಚು. ಇಂಟೆಲ್‌ನಲ್ಲಿ ಯು ಅಂದರೆ ಸತತ ದುಡಿಮೆಯಲ್ಲಿ ಚಿಪ್ ಎಳೆಯುವುದು 15 ವ್ಯಾಟ್‌ನ ಮಟ್ಟ, ಎಚ್ ಅಂದರೆ 45ರ ಮಟ್ಟ. 12450ಎಚ್, 13420ಎಚ್ ಚಿಪ್‌ಗಳನ್ನು ‘ತೆಳು, ಹಗುರ’ ಲ್ಯಾಪ್‌ಟಾಪ್‌ಗಳಿಗೂ ತುಂಬಿ ಮಾರುತ್ತಿದ್ದಾರೆ. ಅವು ವೇಗದ ಚಿಪ್‌ಗಳೇ. ಸುಮ್ಮನಿದ್ದಾಗ ತೀರಾ ದುಂದಿಲ್ಲ, ಆದರೆ ಒಂದು ದೊಡ್ಡ ಪುಟ ತೆರೆದಾಗಲೆಲ್ಲ ಗಬಕ್ಕನೆ ಎಳೆಯುತ್ತವೆ, ಫ್ಯಾನ್ ಕೂಗುತ್ತದೆ, 42ರ ಬ್ಯಾಟರಿ ಮಧ್ಯಾಹ್ನದ ಊಟದ ಹೊತ್ತಿಗೆ ಕೈ ಎತ್ತುತ್ತದೆ. 2024ರಲ್ಲಿ ಬಂದ ಕೋರ್ ಅಲ್ಟ್ರಾ 200 ಸಾಲಿನ, ‘ವಿ’ ಅಕ್ಷರದ ಚಿಪ್‌ಗಳು ಬ್ಯಾಟರಿ ವಿಷಯದಲ್ಲಿ ಇಂಟೆಲ್‌ನ ದೊಡ್ಡ ಜಿಗಿತ. ಅವುಗಳಲ್ಲಿ ರ‍್ಯಾಮ್ ಚಿಪ್‌ನ ಜೊತೆಗೇ ಕೂತಿರುತ್ತದೆ, ಮುಂದೆ ಹೆಚ್ಚಿಸಲಾಗದು. 256ವಿ, 226ವಿಯಂತೆ 6ರಲ್ಲಿ ಮುಗಿದರೆ 16 ಜಿಬಿ, 258ವಿಯಂತೆ 8ರಲ್ಲಿ ಮುಗಿದರೆ 32 ಜಿಬಿ. ಎಎಂಡಿಯ 7000 ಸಾಲಿನಲ್ಲಿ ಮೂರನೆಯ ಅಂಕಿಯ ಮೇಲೆ ಕಣ್ಣಿಡಿ. 7520ಯು, 7530ಯು, 7540ಯು ನೋಡಲು ಅಣ್ಣತಮ್ಮಂದಿರಂತಿದ್ದರೂ ಒಳಗಿರುವುದು ಝೆನ್ 2, ಝೆನ್ 3, ಝೆನ್ 4 ಎಂಬ ಮೂರು ತಲೆಮಾರಿನ ವಿನ್ಯಾಸ.

ಇಂಟೆಲ್, ಎಎಂಡಿಗಿಂತ ಬೇರೆಯಾದ ಎಆರ್‌ಎಂ ವಿನ್ಯಾಸದ ಸ್ನ್ಯಾಪ್‌ಡ್ರಾಗನ್ ಎಕ್ಸ್ ಚಿಪ್‌ನ ವಿಂಡೋಸ್ ಲ್ಯಾಪ್‌ಟಾಪ್‌ಗಳು ಬ್ಯಾಟರಿಯಲ್ಲಿ ನಿಜಕ್ಕೂ ಗಟ್ಟಿ. ಆದರೆ ಆಡಿಟರ್ ಕಚೇರಿಯವರು, ಇ-ಪ್ರೊಕ್ಯೂರ್‌ಮೆಂಟ್‌ನಲ್ಲಿ ಟೆಂಡರ್ ಹಾಕುವ ಗುತ್ತಿಗೆದಾರರು ದುಡ್ಡು ಕೊಡುವ ಮೊದಲು ಒಂದು ಪರೀಕ್ಷೆ ಮಾಡಲೇಬೇಕು. ಹಳೆಯ ತಂತ್ರಾಂಶಗಳನ್ನು ಈ ಯಂತ್ರ ಒಳಗೊಳಗೇ ತರ್ಜುಮೆ ಮಾಡಿಕೊಂಡು ಓಡಿಸುತ್ತದೆ; ಹೊರಗಿನ ಸಾಧನಗಳನ್ನು ನಡೆಸುವ ಡ್ರೈವರ್ ತಂತ್ರಾಂಶಗಳ ವಿಷಯದಲ್ಲಿ ಆ ಉಪಾಯ ನಡೆಯುವುದಿಲ್ಲ. ಡಿಜಿಟಲ್ ಸಹಿಯ ಟೋಕನ್, ಹಳೆಯ ಪ್ರಿಂಟರ್, ಬೆರಳಚ್ಚು ಯಂತ್ರ, ಇವಕ್ಕೆ ಎಆರ್‌ಎಂ ಡ್ರೈವರ್ ಇಲ್ಲದಿದ್ದರೆ ಅವು ಕೆಲಸ ಮಾಡುವುದೇ ಇಲ್ಲ. ಟೋಕನ್ನನ್ನು ಅಂಗಡಿಗೇ ಒಯ್ದು ಚುಚ್ಚಿ ನೋಡಿ.

ಪರದೆಯ ಬಗ್ಗೆ ಒಂದೇ ಮಾತು. ಓಎಲ್ಇಡಿ ಚೆಂದ, ಆದರೆ ಅದರಲ್ಲಿ ಬಿಳಿ ಬಣ್ಣ ತೋರಿಸಲೇ ವಿದ್ಯುತ್ ಹೆಚ್ಚು ಬೇಕು. ದಿನವಿಡೀ ವರ್ಡ್, ಎಕ್ಸೆಲ್, ಪಿಡಿಎಫ್ ನೋಡುವವರಿಗೆ 1920×1200 ಐಪಿಎಸ್ (ಎಲ್‌ಸಿಡಿ ಬಗೆಯ) ಪರದೆ ಬ್ಯಾಟರಿಗೆ ಹಿತ. ಪರದೆ 120 ಹರ್ಟ್ಸ್‌ನದಾದರೆ, ಅಂದರೆ ಚಿತ್ರವನ್ನು ಸೆಕೆಂಡಿಗೆ 120 ಸಲ ಬದಲಿಸುವಂಥದ್ದಾದರೆ, ಬ್ಯಾಟರಿಯಲ್ಲಿರುವಾಗ 60ಕ್ಕೆ ಇಳಿಸಿ.

ಚಾರ್ಜಿಂಗ್ ವಿಷಯದಲ್ಲಿ ಜನ ಮೋಸ ಹೋಗುವುದು ಹೆಚ್ಚು, ಅದಕ್ಕೆ ಸ್ವಲ್ಪ ವಿವರವಾಗಿ ಬರೆಯುತ್ತಿದ್ದೇವೆ. ಟೈಪ್-ಸಿ ಕಿಂಡಿ ಇದೆಯೆಂದ ಮಾತ್ರಕ್ಕೆ ಅದರಲ್ಲಿ ಚಾರ್ಜ್ ಆಗುತ್ತದೆಂದು ಅರ್ಥವಲ್ಲ. ಅಗ್ಗದ ಕೆಲವು ಮಾದರಿಗಳಲ್ಲಿ ಅದು ಡೇಟಾಕ್ಕೆ ಮಾತ್ರ, ಚಾರ್ಜ್ ಆಗುವುದು ದುಂಡು ಪಿನ್ನಿನಲ್ಲೇ. ‘ಪವರ್ ಡೆಲಿವರಿ’ ಎಂದು ವಿವರಪಟ್ಟಿಯಲ್ಲಿ ಇರಬೇಕು. ಮೊಬೈಲ್‌ನ 80 ವ್ಯಾಟ್ ಚಾರ್ಜರ್ ಇದೆಯಲ್ಲ ಅನ್ನುವವರು ಅದರ ಹಿಂಬದಿಯ ಸಣ್ಣಕ್ಷರ ಓದಿ. ಆ 80 ವ್ಯಾಟ್ ಆ ಕಂಪನಿಯ ಫೋನಿಗೆ ಮಾತ್ರ ಸಿಗುವಂಥದ್ದಾಗಿರುತ್ತದೆ, ಲ್ಯಾಪ್‌ಟಾಪ್‌ಗೆ ಹಾಕಿದರೆ ನಿಧಾನವಾಗಿ ಚಾರ್ಜ್ ಆಗುತ್ತದೆ, ಇಲ್ಲವೇ ಆಗುವುದೇ ಇಲ್ಲ. ಬೇಕಾದದ್ದು ‘20 ವೋಲ್ಟ್, 3.25 ಆಂಪಿಯರ್’ ಎಂಬ ಸಾಲು; ಗುಣಿಸಿದರೆ 65 ವ್ಯಾಟ್. ಕೇಬಲ್ ಸಾಧಾರಣದ್ದಾದರೆ 3 ಆಂಪಿಯರ್‌ಗೆ, ಅಂದರೆ 60 ವ್ಯಾಟ್‌ಗೆ ನಿಲ್ಲುತ್ತದೆ, ಅದರಿಂದಾಚೆಗೆ 5 ಆಂಪಿಯರ್ ಕೇಬಲ್ ಬೇಕು. ಪವರ್ ಬ್ಯಾಂಕ್ ಲೆಕ್ಕವೂ ಇದೇ. 20,000 ಎಂಎಎಚ್ ಅನ್ನು 3.7 ವೋಲ್ಟ್‌ನಿಂದ ಗುಣಿಸಿದರೆ 74 ವ್ಯಾಟ್-ಅವರ್, ಪರಿವರ್ತನೆಯಲ್ಲಿ ಕಳೆದು ಕೈಗೆ ಸಿಗುವುದು 60ರ ಆಸುಪಾಸು. 54ರ ಲ್ಯಾಪ್‌ಟಾಪ್‌ಗೆ ಒಂದು ಸಲ ತುಂಬಿಸಲು ಸಾಕು. ಅದಕ್ಕೂ 20 ವೋಲ್ಟ್ ಹೊರಬಿಡುವ ಪವರ್ ಬ್ಯಾಂಕ್ ಆಗಿರಬೇಕು. ಮಲೆನಾಡಿನ ಮಳೆಗಾಲದಲ್ಲಿ ದಿನಗಟ್ಟಲೆ ಕರೆಂಟ್ ಹೋಗುವ ಊರುಗಳವರಿಗೆ ಇದು ಉಪಯೋಗದ ವಸ್ತು. ವಿಮಾನದಲ್ಲಾದರೆ ಕೈಚೀಲದಲ್ಲೇ ಇರಬೇಕು, 100 ವ್ಯಾಟ್-ಅವರ್ ದಾಟಿದರೆ ವಿಮಾನ ಸಂಸ್ಥೆಯ ಅನುಮತಿ ಬೇಕು. ದುಬಾರಿ ಲ್ಯಾಪ್‌ಟಾಪ್‌ಗಳ ಬ್ಯಾಟರಿ 99.9ಕ್ಕೆ ಬಂದು ನಿಲ್ಲುವುದೂ ಈ ನಿಯಮದಿಂದಲೇ.

ಕೊಂಡ ದಿನವೇ, ಅಂಗಡಿಯಲ್ಲೇ ಮಾಡಬಹುದಾದ ಒಂದು ತಪಾಸಣೆ ಇದೆ. ವಿಂಡೋಸ್‌ನಲ್ಲಿ ಕಮಾಂಡ್ ಪ್ರಾಂಪ್ಟ್ ತೆರೆದು, ಇಂಗ್ಲಿಷ್ ಅಕ್ಷರಗಳಲ್ಲಿ ‘ಪವರ್‌ಸಿಎಫ್‌ಜಿ’ ಎಂದು ಕೂಡಿಸಿ ಬರೆದು, ಒಂದು ಜಾಗ ಬಿಟ್ಟು, ಓರೆಗೆರೆ ಹಾಕಿ, ‘ಬ್ಯಾಟರಿರಿಪೋರ್ಟ್’ ಎಂದು ಕೂಡಿಸಿ ಬರೆದು (powercfg /batteryreport) ಎಂಟರ್ ಒತ್ತಿ. ವರದಿ ಎಲ್ಲಿ ಉಳಿಯಿತೆಂದು ಅದೇ ಹೇಳುತ್ತದೆ, ಬ್ರೌಸರ್‌ನಲ್ಲಿ ತೆರೆಯಿರಿ. ‘ಡಿಸೈನ್ ಕೆಪಾಸಿಟಿ’ ಎದುರು 41,040 (ಮಿಲಿವ್ಯಾಟ್-ಅವರ್) ಎಂದಿದ್ದರೆ ಅದು 41 ವ್ಯಾಟ್-ಅವರ್ ಬ್ಯಾಟರಿ, ಮಾರುವವರು 54 ಎಂದಿದ್ದರೆ ಅಲ್ಲೇ ಸಿಕ್ಕಿಬಿದ್ದರು. ಅದರ ಕೆಳಗಿನ ‘ಫುಲ್ ಚಾರ್ಜ್ ಕೆಪಾಸಿಟಿ’ ಹೊಸ ಯಂತ್ರದಲ್ಲಿ ಹೆಚ್ಚುಕಡಿಮೆ ಅಷ್ಟೇ ಇರಬೇಕು. 36,000ಕ್ಕೆ ಇಳಿದು, ಸೈಕಲ್ ಕೌಂಟ್ (ಪೂರ್ತಿ ಚಾರ್ಜ್ ಖಾಲಿಯಾಗಿ ತುಂಬಿದ ಲೆಕ್ಕ) 100ರ ಆಚೆ ಇದ್ದರೆ ನಿಮಗೆ ಕೊಟ್ಟಿರುವುದು ಪ್ರದರ್ಶನಕ್ಕಿಟ್ಟ ಯಂತ್ರ, ಇಲ್ಲವೇ ಯಾರೋ ಹಿಂದಿರುಗಿಸಿದ್ದು. ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಸೆಕೆಂಡ್ ಹ್ಯಾಂಡ್ ಥಿಂಕ್‌ಪ್ಯಾಡ್, ಲ್ಯಾಟಿಟ್ಯೂಡ್ ಕೊಳ್ಳುವವರಂತೂ ಈ ವರದಿ ನೋಡದೆ ದುಡ್ಡು ಬಿಚ್ಚಬಾರದು. ಫುಲ್ ಚಾರ್ಜ್ ಅಂಕಿ ಡಿಸೈನ್ ಅಂಕಿಯ ಶೇ 80ಕ್ಕಿಂತ ಕೆಳಗಿದ್ದರೆ ಹೊಸ ಬ್ಯಾಟರಿಯ ಖರ್ಚನ್ನು ಬೆಲೆಯಲ್ಲಿ ಕಳೆಯಿರಿ. ಬ್ಯಾಟರಿ ಬದಲಿಸಿದ್ದೇವೆ ಎಂದರೂ ಪರೀಕ್ಷಿಸಿ, ಡೂಪ್ಲಿಕೇಟ್ ಬ್ಯಾಟರಿಗಳ ಚೀಟಿಯಲ್ಲಿ ಏನು ಬೇಕಾದರೂ ಅಚ್ಚಾಗಿರುತ್ತದೆ.

ಬಳಕೆಯಲ್ಲಿ ಬ್ಯಾಟರಿ ಕೊಲ್ಲುವುದು ಬಿಸಿ ಮತ್ತು ಸದಾ ಶೇ 100. ಮೇಜಿನ ಮೇಲೆ ಪ್ಲಗ್ ಹಾಕಿಕೊಂಡೇ ಬಳಸುವವರು ಕಂಪನಿಯ ತಂತ್ರಾಂಶದಲ್ಲಿ, ಲೆನೊವೊ ವಾಂಟೇಜ್ ಅಥವಾ ಮೈಆಸುಸ್‌ನಂಥದರಲ್ಲಿ, ಚಾರ್ಜ್ ಶೇ 80ಕ್ಕೆ ನಿಲ್ಲುವಂತೆ ಮಾಡಿ, ಪ್ರಯಾಣದ ಹಿಂದಿನ ರಾತ್ರಿ ಮಾತ್ರ ಪೂರ್ತಿ ತುಂಬಿಸಿ. ಮುಚ್ಚಳ ಮುಚ್ಚಿ ಬ್ಯಾಗಿಗೆ ಹಾಕಿದ ಲ್ಯಾಪ್‌ಟಾಪ್ ಊರು ತಲುಪುವಷ್ಟರಲ್ಲಿ ಕಾದ ಹೆಂಚಾಗಿ, ಚಾರ್ಜ್ ಖಾಲಿಯಾಗಿರುವ ದೂರು ಬಹಳ. ಕಾರಣ, ಈಗಿನ ವಿಂಡೋಸ್ ಯಂತ್ರಗಳು ‘ಸ್ಲೀಪ್’ನಲ್ಲೂ ಆಗಾಗ ಎದ್ದು ನೆಟ್ ನೋಡುತ್ತವೆ. ಕಂಟ್ರೋಲ್ ಪ್ಯಾನೆಲ್‌ನ ಪವರ್ ಆಪ್ಷನ್ಸ್‌ಗೆ ಹೋಗಿ ಮುಚ್ಚಳ ಮುಚ್ಚಿದಾಗ ‘ಹೈಬರ್ನೇಟ್’ ಆಗುವಂತೆ ಬದಲಿಸಿದರೆ ಈ ಕಾಟ ತಪ್ಪುತ್ತದೆ. ಶೇ 30 ತೋರಿಸುತ್ತಿರುವಾಗಲೇ ಪಟ್ಟನೆ ಆರಿಹೋಗುವುದು ಸೆಲ್ ಮುಪ್ಪಾದ ಲಕ್ಷಣ: ಒಳಗಿನ ರೋಧ ಹೆಚ್ಚಿ, ಭಾರ ಬಿದ್ದೊಡನೆ ವೋಲ್ಟೇಜ್ ಕುಸಿಯುತ್ತದೆ. ಟಚ್‌ಪ್ಯಾಡ್ ಉಬ್ಬಿ ಕ್ಲಿಕ್ ಆಗದಿದ್ದರೆ ಬ್ಯಾಟರಿ ಊದಿಕೊಂಡಿದೆ ಎಂದೇ ಶಂಕಿಸಿ. ಚಾರ್ಜ್ ಹಾಕುವುದನ್ನು ಅಂದೇ ನಿಲ್ಲಿಸಬೇಕು, ಒತ್ತಿ ಕೂರಿಸಲು ಹೋಗಬಾರದು. ಲ್ಯಾಪ್‌ಟಾಪ್‌ಗೆ ಮೂರು ವರ್ಷ ವಾರಂಟಿ ಇದ್ದರೂ ಬ್ಯಾಟರಿಗೆ ಬಹುಪಾಲು ಒಂದೇ ವರ್ಷ ಎಂಬುದನ್ನೂ ಬಿಲ್ ಮಾಡಿಸುವಾಗಲೇ ಕೇಳಿ ತಿಳಿಯಿರಿ.

ಈಗ ಸರ್ಕಾರಕ್ಕೆ ಒಂದು ಮಾತು. ವ್ಯಾಟ್-ಅವರ್ ಯಾರೂ ಅಳೆಯದ ಗುಟ್ಟಿನ ಅಂಕಿಯಲ್ಲ. ಲಿಥಿಯಂ ಬ್ಯಾಟರಿ ಸಾಗಣೆಯ ಅಂತರರಾಷ್ಟ್ರೀಯ ನಿಯಮದಂತೆ ಪ್ರತಿ ಬ್ಯಾಟರಿಯ ಮೈಮೇಲೆ ಅದು ಅಚ್ಚಾಗಿರಲೇಬೇಕು, ಅಚ್ಚಾಗಿಯೇ ಇದೆ. ಆದರೆ ಆ ಬ್ಯಾಟರಿ ಹತ್ತು ಸ್ಕ್ರೂಗಳ ಹಿಂದೆ ಕೂತಿದೆ. ಪೊಟ್ಟಣ ಸರಕುಗಳ 2011ರ ನಿಯಮಗಳ ಪ್ರಕಾರ ಪೆಟ್ಟಿಗೆಯ ಮೇಲೆ ಎಂಆರ್‌ಪಿ, ತಯಾರಾದ ತಿಂಗಳು, ದೂರು ಹೇಳುವ ವಿಳಾಸ ಎಲ್ಲ ಇರಬೇಕು. ಅದೇ ಚೀಟಿಗೆ ಬ್ಯಾಟರಿಯ ವ್ಯಾಟ್-ಅವರ್ ಎಂಬ ಒಂದು ಸಾಲು ಸೇರಿಸಲು ಕಂಪನಿಗಳಿಗೆ ಕಾಸಿನ ಖರ್ಚೂ ಇಲ್ಲ. ಐರೋಪ್ಯ ಒಕ್ಕೂಟದಲ್ಲಿ 2025ರ ಜೂನ್‌ನಿಂದ ಮೊಬೈಲ್ ಮತ್ತು ಟ್ಯಾಬ್ಲೆಟ್‌ಗಳ ಲೇಬಲ್‌ನಲ್ಲಿ ಒಂದೇ ವಿಧಾನದಲ್ಲಿ ಅಳೆದ ಬ್ಯಾಟರಿ ಅವಧಿ ಕಡ್ಡಾಯವಾಗಿದೆ. ನಮ್ಮ ಗ್ರಾಹಕ ವ್ಯವಹಾರಗಳ ಇಲಾಖೆ ಅಷ್ಟು ದೂರ ಹೋಗದಿದ್ದರೂ ಈ ಒಂದು ಸಾಲನ್ನಾದರೂ ಕಡ್ಡಾಯ ಮಾಡಲಿ. ಅಲ್ಲಿಯವರೆಗೆ ಪೂರ್ಣ ಉತ್ಪನ್ನ ಸಂಖ್ಯೆ ಮತ್ತು ವ್ಯಾಟ್-ಅವರ್ ಎರಡನ್ನೂ ಜಿಎಸ್‌ಟಿ ಬಿಲ್ಲಿನಲ್ಲೇ ಬರೆಸಿಕೊಳ್ಳಿ. ಬರೆಯಲೊಪ್ಪದ ಅಂಗಡಿಯಿಂದ ಎದ್ದು ಬನ್ನಿ. ಬರೆದದ್ದು ಒಂದು, ಒಳಗಿರುವುದು ಇನ್ನೊಂದಾದರೆ ಆ ಬಿಲ್ಲು ಮತ್ತು ಬ್ಯಾಟರಿ ವರದಿಯ ಪ್ರತಿ ಇಟ್ಟುಕೊಂಡು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ ದೂರು ದಾಖಲಿಸಬಹುದು. ಅಲ್ಲಿ ಬಗೆಹರಿಯದಿದ್ದರೆ ಜಿಲ್ಲಾ ಗ್ರಾಹಕ ಆಯೋಗ ಇದೆ.

– ಲ್ಯಾಪ್‌ಟಾಪ್ ರಿಪೇರಿ ಕೆಲಸದ ಗೆಳೆಯರು, ಶಿವಮೊಗ್ಗ